ಕೀಲಿಗೆ ಲಗ್ಗೆಯಿಡುವ ಕಾವಲು ಕೋಶಗಳು

1992ರಲ್ಲಿ ಲಂಡನ್ನಿನ ಚೇರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ ರುಮಟಾಯ್ಡ್ ಸಂಧಿವಾತದ ಕೆಲವು ರೋಗಿಗಳಿಗೆ ಹೊಸ ಔಷಧಿಯೊಂದನ್ನು ಡ್ರಿಪ್ ಮೂಲಕ ಕೊಟ್ಟರು. ಹಳೆಯ ಮದ್ದು ಯಾವುದೂ ನಾಟದೆ ನರಳುತ್ತಿದ್ದವರು ಅವರು. ಕೆಲವೇ ವಾರಗಳಲ್ಲಿ ಕೀಲುಗಳ ಊತ ಇಳಿಯಿತು, ಬೆಳಗಿನ ಬಿಗಿತ ಸಡಿಲವಾಯಿತು. ಅದು ನೋವಿನ ಮಾತ್ರೆಯಲ್ಲ. ಟಿಎನ್‌ಎಫ್ ಎಂಬ ಒಂದೇ ಒಂದು ಪ್ರೋಟೀನನ್ನು ಹಿಡಿದು ನಿಷ್ಕ್ರಿಯಗೊಳಿಸುವ ಪ್ರತಿಕಾಯ. ಮಾರ್ಕ್ ಫೆಲ್ಡ್‌ಮನ್ ಮತ್ತು ಭಾರತದಲ್ಲಿ ಹುಟ್ಟಿದ ರವೀಂದರ್ ಮೈನಿ ಅವರ ಸಂಶೋಧನೆಯ ಫಲ.

ಈ ಕಾಯಿಲೆಯನ್ನು ಮೂಳೆ ಸವೆತವೆಂದು ತಿಳಿಯುವವರೇ ಹೆಚ್ಚು. ಸವೆತ ಬೇರೆ, ಇದು ಬೇರೆ. ಆರೋಗ್ಯವಂತರ ಕೀಲಿನ ಒಳಪೊರೆಯ ಮೇಲ್ಪದರ ಒಂದೆರಡು ಕೋಶಗಳಷ್ಟು ತೆಳುವಾಗಿರುತ್ತದೆ. ರೋಗ ಹಿಡಿದಾಗ ರಕ್ತದಿಂದ ರೋಗನಿರೋಧಕ ಕೋಶಗಳು ಗುಂಪುಗುಂಪಾಗಿ ಅಲ್ಲಿಗೆ ನುಗ್ಗುತ್ತವೆ. ಬಿ ಕೋಶಗಳು ದೇಹದ ಸ್ವಂತ ಪ್ರೋಟೀನುಗಳ ವಿರುದ್ಧವೇ ಪ್ರತಿಕಾಯ ತಯಾರಿಸುತ್ತವೆ. ರಕ್ತಪರೀಕ್ಷೆಯಲ್ಲಿ ಹುಡುಕುವ ರುಮಟಾಯ್ಡ್ ಫ್ಯಾಕ್ಟರ್, ಆ್ಯಂಟಿ ಸಿಸಿಪಿ ಇವೇ. ನೋವು ಕಾಣಿಸುವ ಎಷ್ಟೋ ವರ್ಷ ಮೊದಲೇ ಇವು ರಕ್ತದಲ್ಲಿರಬಹುದು. ಟಿ ಕೋಶಗಳು ಉಳಿದವನ್ನು ಕೆರಳಿಸುತ್ತವೆ. ಕೆರಳಿದ ಮ್ಯಾಕ್ರೋಫೇಜ್ ಎಂಬ ಕೋಶಗಳು ಟಿಎನ್‌ಎಫ್ ಸುರಿಸುತ್ತವೆ, ಅದು ಮತ್ತಷ್ಟು ಕೋಶಗಳನ್ನು ಕರೆತರುತ್ತದೆ. ಪೊರೆ ದಪ್ಪಗಾಗಿ ಮೃದ್ವಸ್ಥಿಯ ಮೇಲೆ ಹಬ್ಬಿ ಅದನ್ನು ಕೊರೆಯುತ್ತದೆ. ಮೂಳೆಯನ್ನು ಕರಗಿಸುವ ಆಸ್ಟಿಯೋಕ್ಲಾಸ್ಟ್‌ಗಳೂ ಮ್ಯಾಕ್ರೋಫೇಜ್‌ಗಳ ವಂಶದವೇ!

ಬೀಡಿ, ಸಿಗರೇಟು ಸೇದುವವರಿಗೆ ಅಪಾಯ ಹೆಚ್ಚು. ರೋಗಿಗಳಲ್ಲಿ ಹೆಂಗಸರ ಸಂಖ್ಯೆ ಗಂಡಸರ ಎರಡು ಮೂರು ಪಟ್ಟು.

ಟಿಎನ್‌ಎಫ್ ಬರೀ ಕೇಡಿಗನಲ್ಲ ಎಂಬುದನ್ನು ನಮ್ಮ ದೇಶದಲ್ಲಿ ವಿಶೇಷವಾಗಿ ನೆನಪಿಡಬೇಕು. ದೇಹದಲ್ಲಿ ಅಡಗಿರುವ ಕ್ಷಯದ ರೋಗಾಣುಗಳನ್ನು ಕಟ್ಟಿಹಾಕಿ ಇಡುವುದರಲ್ಲಿ ಅದರ ಪಾತ್ರ ದೊಡ್ಡದು. ಅದನ್ನು ತಡೆದರೆ ಕ್ಷಯ ಮತ್ತೆ ತಲೆಯೆತ್ತಬಹುದು. ಹಾಗಾಗಿ ಟಿಎನ್‌ಎಫ್ ತಡೆಯುವ ಇಂಜೆಕ್ಷನ್ ಶುರುಮಾಡುವ ಮುನ್ನ ಕ್ಷಯದ ಪರೀಕ್ಷೆ ತಪ್ಪಿಸುವಂತಿಲ್ಲ.

ಇಷ್ಟಾದರೂ ಬಹುತೇಕರಿಗೆ ಮೊದಲ ಮದ್ದು ಅಗ್ಗದ ಮೆಥೊಟ್ರೆಕ್ಸೇಟ್ ಮಾತ್ರೆಯೇ. ಅದನ್ನು ತೆಗೆದುಕೊಳ್ಳುವುದು ವಾರಕ್ಕೊಮ್ಮೆ ಮಾತ್ರ. ತಪ್ಪಿ ದಿನವೂ ನುಂಗಿದರೆ ಜೀವಕ್ಕೇ ಕುತ್ತು. ಒಮ್ಮೆ ಹಾಳಾದ ಕೀಲನ್ನು ಯಾವ ಮದ್ದೂ ಮೊದಲಿನಂತೆ ಮಾಡಲಾರದು. ಬೆಳಿಗ್ಗೆ ಎದ್ದಾಗ ಬೆರಳ ಗಿಣ್ಣುಗಳು ಊದಿಕೊಂಡು, ಗಂಟೆಗಟ್ಟಲೆ ಬಿಗಿದಿದ್ದು, ವಾರಗಳು ಕಳೆದರೂ ಹಾಗೆಯೇ ಇದ್ದರೆ ನೋವಿನ ಮಾತ್ರೆಯಲ್ಲಿ ದಿನ ದೂಡಬೇಡಿ, ಸಂಧಿವಾತ ತಜ್ಞರನ್ನು ಕಾಣಿ.