ಗಾಳದ ರೀಲು: ಅಗ್ಗದ್ದು ಸಾಕೆ, ತುಟ್ಟಿಯದು ಬೇಕೆ?

ಮೂವತ್ತೆರಡು ವರ್ಷಕಾಲ ಮಕ್ಕಳಿಂದ ಶಬ್ದರೂಪ, ಧಾತುರೂಪಗಳನ್ನು ಬಾಯಿಪಾಠ ಮಾಡಿಸಿದ ಉಪಾಧ್ಯಾಯನೊಬ್ಬನು ಈಗ ಮೀನಿನ ಗಾಳದ ವಿಷಯವಾಗಿ ಬರೆಯಹೊರಟನೆಂದರೆ ವಾಚಕರು ಹುಬ್ಬೇರಿಸುವುದು ಸಹಜವೇ ಆಗಿದೆ. ಅದರಲ್ಲಿಯೂ ನಮ್ಮ ಮನೆಯಲ್ಲಿ ಮೀನನ್ನು ಬೇಯಿಸುವ ಪದ್ಧತಿಯಿಲ್ಲ. ಆದರೆ ರಜಾಕಾಲದಲ್ಲಿ ಬೆಂಗಳೂರಿನಿಂದ ಸೋಮನಾಥಪುರಕ್ಕೆ ಬಂದ ಹದಿಮೂರು ವರ್ಷದ ಮೊಮ್ಮಗನಿಗೆ ಎಷ್ಟು ದಿನವೆಂದು ಶಿಲ್ಪಗಳನ್ನೇ ತೋರಿಸಲಾದೀತು? 1258ರಲ್ಲಿ ಸೋಮನಾಥ ದಂಡನಾಯಕನು ಕಟ್ಟಿಸಿದ ಕೇಶವ ದೇವಾಲಯವನ್ನು ನೋಡಲು ದೇಶದೇಶಗಳಿಂದ ಜನರು ಬರುತ್ತಾರೆ. ನಾಲ್ಕು ಸಲ ನೋಡಿ ಮುಗಿಸಿದ ಬಾಲಕನ ಮನಸ್ಸಾದರೋ ಹೊಳೆಯ ಕಡೆಗೆ ತಿರುಗಿತು. ಒಂದು ದಿನ ಬೆಳಗ್ಗೆ, “ತಾತ, ನನಗೊಂದು ಗಾಳದ ಕೋಲೂ ರೀಲೂ ಕೊಡಿಸು” ಎಂದು ಹಟ ಹಿಡಿದು ಕುಳಿತನು.

ಅವನ ಅಜ್ಜಿಗೆ ಇದು ಸುತರಾಂ ಒಪ್ಪಿಗೆಯಾಗಲಿಲ್ಲ. ನಾನು ಶಾಸ್ತ್ರಾಧಾರವನ್ನು ಹುಡುಕಿದೆನು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಮಹಾಗ್ರಂಥದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಪ್ರಕರಣವಿದೆ. ಕೋಲು, ದಾರ, ಗಾಳ, ಆಯಾ ಮೀನಿಗೆ ತಕ್ಕ ಎರೆ ಇವೆಲ್ಲವನ್ನೂ ಆ ಅರಸನು ಅಡಿಗೆ, ಆನೆ, ಸಂಗೀತಗಳನ್ನು ವಿವರಿಸಿದಷ್ಟೇ ಶ್ರದ್ಧೆಯಿಂದ ವಿವರಿಸಿದ್ದಾನೆ. “ಅರಸರು ಮಾಡಿದ್ದೆಲ್ಲಾ ಮೇಷ್ಟ್ರ ಮನೆಯವರು ಮಾಡಬೇಕೋ?” ಎಂದು ಆಕೆ ಕೇಳಿದಳು. ಕಡೆಗೆ ಹಿಡಿದ ಮೀನು ಮನೆಯ ಹೊಸಿಲು ದಾಟಕೂಡದು, ವ್ಯರ್ಥವಾಗಿ ಸಾಯಲೂ ಕೂಡದು ಎಂಬ ಎರಡು ಕರಾರುಗಳ ಮೇಲೆ ಅಪ್ಪಣೆಯಾಯಿತು.

ಮೈಸೂರಿನ ಅಂಗಡಿಯೊಂದರಲ್ಲಿ ಮೂರು ಬಗೆಯ ರೀಲುಗಳನ್ನು ನಮ್ಮ ಮುಂದೆ ಇಟ್ಟರು. ಒಂದಕ್ಕೆ ರೂ. 550, ಎರಡನೆಯದಕ್ಕೆ ರೂ. 2,600, ಮೂರನೆಯದಕ್ಕೆ ರೂ. 14,000. ಇದಕ್ಕಿಂತಲೂ ಬೆಲೆಯುಳ್ಳವು, ಐವತ್ತು ಸಾವಿರ ದಾಟುವವೂ ಲೋಕದಲ್ಲಿವೆಯಂತೆ. ಕಣ್ಣಿಗೆ ಮೂರೂ ಒಂದೇ ತೆರನಾಗಿ ಹೊಳೆಯುತ್ತಿದ್ದುವು. ನಿಜ ಹೇಳಬೇಕೆಂದರೆ ಅಗ್ಗದ್ದೇ ಹೆಚ್ಚು ಹೊಳೆಯುತ್ತಿತ್ತು. ಅದರ ಪೆಟ್ಟಿಗೆಯ ಮೇಲೆ ಹನ್ನೆರಡು ಬೇರಿಂಗುಗಳೆಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ದುಬಾರಿಯದರ ಮೇಲೆ ಅಷ್ಟು ಸಂಖ್ಯೆಯಿರಲಿಲ್ಲ. ಪಿಂಚಣಿದಾರನ ತರ್ಕವು ಬೇಗ ಮುಗಿಯುತ್ತದೆ. ಅಗ್ಗದ್ದನ್ನೇ ಕೊಂಡು, ದಾರವೂ ಅದರೊಡನೆ ಪುಕ್ಕಟೆಯಾಗಿ ಬಂತಲ್ಲಾ ಎಂದು ಹಿಗ್ಗಿ ಮನೆಗೆ ಬಂದೆನು.

ಮೊದಲ ನಾಲ್ಕು ದಿನ ಊರ ಹತ್ತಿರದ ನಾಲೆಯಲ್ಲಿ ಆಟ ಸೊಗಸಾಗಿ ನಡೆಯಿತು. ಅಂಗೈಯಗಲದ ಜಿಲೇಬಿ ಮೀನುಗಳು ಎರೆಹುಳುವಿಗೆ ಬಂದು ಸಿಕ್ಕುತ್ತಿದ್ದುವು. ಐದನೆಯ ದಿನ ನಾವು ತಿರುಮಕೂಡಲಿಗಿಂತ ಮೇಲೆ, ಸ್ನಾನಘಟ್ಟಗಳಿಗೆ ಬಹಳ ದೂರವಾಗಿ, ಕಪಿಲೆಯ ದಂಡೆಯಲ್ಲಿ ರಾಗಿ ಹಿಟ್ಟಿನ ಉಂಡೆಯನ್ನು ಕಟ್ಟಿ ಗಾಳವನ್ನೆಸೆದೆವು. ಅರ್ಧ ಗಂಟೆ ಏನೂ ಇಲ್ಲ. ಆಮೇಲೆ ಕೋಲು ಒಮ್ಮೆಲೇ ಬಾಗಿತು. ಹುಡುಗನು ಎರಡು ಕೈಯಿಂದಲೂ ಹಿಡಿದನು. ದೊಡ್ಡ ಗೆಂಡೆಯೊಂದು ನೀರಿನ ಮೇಲೆ ಬೆನ್ನು ತೋರಿಸಿ ನಡುಹೊಳೆಗೆ ಓಡಿತು. ಆ ಸಮಯದಲ್ಲಿ ರೀಲು ದಾರವನ್ನು ಬಿಟ್ಟುಕೊಡಬೇಕಾಗಿತ್ತು, ಬಿಡಲಿಲ್ಲ. ಕಚ್ಚಿಕೊಂಡು ನಿಂತಿತು, ಒಂದು ಮೊಳ ಜಗ್ಗೆಂದು ಬಿಟ್ಟಿತು, ಮತ್ತೆ ಕಚ್ಚಿತು. ಟಪ್ಪೆಂದು ದಾರ ತುಂಡಾಯಿತು.

ಮೊಮ್ಮಗನು ಅಳಲಿಲ್ಲ. ಬಸ್ಸಿನಲ್ಲಿ ಬರುವಾಗ ಮಾತ್ರ, “ತಾತ, ಆ ಗಾಳ ಅದರ ಬಾಯಲ್ಲೇ ಇರುತ್ತಾ? ದಾರ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ?” ಎಂದು ಕೇಳಿದನು. ಗಾಳಕ್ಕೆ ಸಂಸ್ಕೃತದಲ್ಲಿ ಬಡಿಶವೆಂದು ಹೆಸರು. ಬಡಿಶದ ಉಪಮೆಯನ್ನು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದ್ದೆನು. ಬಡಿಶವನ್ನು ನುಂಗಿಕೊಂಡು ಹೋದ ಮೀನಿನ ಗತಿಯೇನೆಂದು ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲ. ಇಪ್ಪತ್ತು ಗಜ ನೈಲಾನ್ ದಾರವನ್ನು ಎಳೆದುಕೊಂಡು ಹೋದ ಮೀನು ಬೇರಿಗೋ ಕಲ್ಲಿಗೋ ಸುತ್ತಿಕೊಂಡು ಸಾಯುವುದುಂಟು. ಅಜ್ಜಿಯ ಎರಡನೆಯ ಕರಾರು ಮುರಿದುಹೋಗಿತ್ತು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಹೊಳೆದಂಡೆಯ ಊರಿನವನು. ತಂದೆಯ ಕಾಲದಿಂದಲೂ ಹರಿಗೋಲು ಬಲೆಗಳನ್ನು ನಂಬಿ ಬಾಳುವವನು. ವಿಭಕ್ತಿಪ್ರತ್ಯಯಗಳನ್ನು ಕಲಿಯುವಾಗ ಅವನು ನನ್ನನ್ನು ಬಹಳ ದಣಿಸಿದ್ದನು. ಮರುದಿನ ಅವನನ್ನು ಕರೆಸಿದೆನು. ಜಗಲಿಯ ಮೇಲೆ ಹಳೆಯ ಪತ್ರಿಕೆಯನ್ನು ಹಾಸಿ, ತಿರುಪುಳಿಯಿಂದ ರೀಲನ್ನು ಬಿಚ್ಚಿ ಹರಡಿ, “ಮೇಷ್ಟ್ರೇ, ದಾರ ಸುತ್ತೋದು ಯಾವ ರೀಲಾದರೂ ಸುತ್ತುತ್ತೆ. ದಾರ ಬಿಡೋದಕ್ಕೇ ನೀವು ಕಾಸು ಕೊಡಬೇಕಾದ್ದು” ಎಂದನು. ಈ ಲೇಖನದ ತಿರುಳು ಆ ಒಂದು ಮಾತಿನಲ್ಲಿದೆ. ಅದನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ರೀಲು ಮೂಲತಃ ದಾರ ಸುತ್ತುವ ರಾಟೆ. ಚೀನಾದೇಶದ ಮಾ ಯುವಾನನೆಂಬ ಚಿತ್ರಕಾರನು 1195ರ ಸುಮಾರಿನಲ್ಲಿ ಬರೆದನೆನ್ನುವ ಪಟವೊಂದರಲ್ಲಿ, ಚಳಿಗಾಲದ ಸರೋವರದ ನಡುವೆ ದೋಣಿಯಲ್ಲಿ ಒಂಟಿಯಾಗಿ ಕುಳಿತವನ ಕೋಲಿಗೆ ಇಂತಹ ರಾಟೆಯೊಂದು ಕಾಣುತ್ತದೆ. ನಮ್ಮಲ್ಲಿ ಆಗ ಇಮ್ಮಡಿ ಬಲ್ಲಾಳನ ಆಳ್ವಿಕೆ. ಈಗ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ಸುರುಳಿಯು ಸುಮ್ಮನಿದ್ದು ಅದರ ಸುತ್ತ ಕಮಾನು ತಿರುಗಿ ದಾರವನ್ನು ಸುತ್ತುವ ಜಾತಿಯದು. ಇದಕ್ಕೆ ಇಂಗ್ಲೆಂಡಿನ ಆಲ್ಫ್ರೆಡ್ ಇಲ್ಲಿಂಗ್‌ವರ್ತನು 1905ರಲ್ಲಿ ಪೇಟೆಂಟು ಪಡೆದನು. ಆತನು ಗಿರಣಿಯ ಉದ್ಯಮದವನು. ನೂಲಿನ ಕಂಡಿಕೆಯಿಂದ ದಾರವು ತಾನಾಗಿ ಜಾರಿ ಹೋಗುವುದನ್ನು ಕಂಡು ಈ ಉಪಾಯವು ಹೊಳೆಯಿತೆಂದು ಹೇಳುತ್ತಾರೆ.

ಸುರುಳಿಯು ಸುಮ್ಮನಿರುತ್ತದೆಂದೆನಷ್ಟೆ, ಒಂದು ಸಂದರ್ಭದಲ್ಲಿ ಮಾತ್ರ ಅದು ತಿರುಗಬೇಕು. ಮೀನು ಬಲವಾಗಿ ಎಳೆದಾಗ ದಾರ ತುಂಡಾಗುವ ಮೊದಲೇ ಸುರುಳಿಯು ಹಿಂದಕ್ಕೆ ತಿರುಗಿ ದಾರವನ್ನು ಬಿಡಬೇಕು. ಇದಕ್ಕಾಗಿ ಅದರೊಳಗೆ ಒಂದರ ಮೇಲೊಂದಾಗಿ ಬಿಲ್ಲೆಗಳನ್ನು ಇಟ್ಟು ಮೇಲಿನ ತಿರುಪಿನಿಂದ ಬಿಗಿಮಾಡಿರುತ್ತಾರೆ. ಅಂಗಡಿಯವರು ಡ್ರ್ಯಾಗ್ ಎನ್ನುವ ಈ ತಡೆಯೇ ರೀಲಿನ ಪ್ರಾಣ. ಗಾಳಿಪಟ ಹಾರಿಸುವ ಹುಡುಗನು ಗಾಳಿ ಜೋರಾದಾಗ ನೂಲನ್ನು ಬೆರಳ ಸಂದಿನಲ್ಲಿ ಹದವಾಗಿ ಬಿಡುವನಲ್ಲವೆ? ಆ ಬೆರಳಿನ ಕೆಲಸವನ್ನೇ ಈ ಬಿಲ್ಲೆಗಳು ಮಾಡತಕ್ಕದ್ದು. ಒಳ್ಳೆಯ ರೀಲಿನ ಬಿಲ್ಲೆಗಳು ನುಣುಪಾಗಿ, ಮೊದಲ ಎಳೆತಕ್ಕೂ ಹತ್ತನೆಯ ಎಳೆತಕ್ಕೂ ಒಂದೇ ಸಮನಾಗಿ ಜಾರುತ್ತವೆ. ನಮ್ಮ ರೀಲಿನಲ್ಲಿದ್ದುದು ಒರಟಾದ ಎರಡು ಪ್ಲಾಸ್ಟಿಕ್ ಬಿಲ್ಲೆಗಳು. ಹನ್ನೆರಡು ಬೇರಿಂಗುಗಳ ಮಾತು ಏನಾಯಿತೆಂದರೆ, ಅವನು ಎಣಿಸಿ ನಕ್ಕು ಸುಮ್ಮನಾದನು.

ಹಾಗಾದರೆ ಅಗ್ಗದ ರೀಲು ನಿಷ್ಪ್ರಯೋಜಕವೋ? ಹಾಗೆನ್ನಲಾಗದು. ನಾಲ್ಕು ದಿನ ನಾಲೆಯಲ್ಲಿ ಅದು ಒಂದು ತಪ್ಪನ್ನೂ ಮಾಡಲಿಲ್ಲ. ಏಕೆಂದರೆ ಕಾಲು ಕಿಲೋ ತೂಗುವ ಜಿಲೇಬಿ ಮೀನಿಗೆ ತಡೆಯು ಕೆಲಸ ಮಾಡಬೇಕಾಗಿಯೇ ಇರಲಿಲ್ಲ. ಅಲ್ಲಿ ರೀಲೆಂಬುದು ದಾರದ ಉಗ್ರಾಣವಷ್ಟೆ. ಆ ಕೆಲಸಕ್ಕೆ ನನ್ನ ಶಿಷ್ಯನು ರೀಲನ್ನೇ ಇಟ್ಟುಕೊಂಡಿಲ್ಲ. ಖಾಲಿ ಪ್ಲಾಸ್ಟಿಕ್ ಬಾಟಲಿಗೆ ದಾರ ಸುತ್ತಿ, ಕೈಯಿಂದ ಬೀಸಿ ಎಸೆಯುತ್ತಾನೆ. ಅವನ ತಡೆ ಅವನ ತೋರುಬೆರಳು.

ಕೆನಡಾದಲ್ಲಿರುವ ನನ್ನ ಸೋದರಳಿಯನೊಡನೆ ಫೋನಿನಲ್ಲಿ ಮಾತನಾಡುವಾಗ ಈ ಪ್ರಸ್ತಾಪ ಬರಲು, ಅವನೂ ಇದನ್ನೇ ಬೇರೊಂದು ದಿಕ್ಕಿನಿಂದ ಹೇಳಿದನು. ಅಲ್ಲಿ ಚಳಿಗಾಲದಲ್ಲಿ ಸರೋವರಗಳು ಮೇಲುಗಡೆ ಕಲ್ಲಿನಂತೆ ಹೆಪ್ಪುಗಟ್ಟುತ್ತವೆ. ಜನರು ಆ ಮಂಜುಗಡ್ಡೆಯ ಮೇಲೆ ನಡೆದುಹೋಗಿ, ಬೈರಿಗೆಯಿಂದ ತೂತು ಕೊರೆದು, ಮೊಳದುದ್ದದ ಕೋಲಿನಿಂದ ಗಾಳವನ್ನು ನೇರವಾಗಿ ಕೆಳಗಿಳಿಸುತ್ತಾರೆ. ದೂರಕ್ಕೆ ಎಸೆಯುವ ಪ್ರಮೇಯವೇ ಇಲ್ಲ. ಸಣ್ಣ ಮೀನುಗಳನ್ನು ಹಿಡಿಯುವವರು ಅಗ್ಗದ ರೀಲಿನಿಂದಲೇ ತೃಪ್ತರು. ಎಷ್ಟೋ ಜನರು ದಾರವನ್ನು ಕೈಯಿಂದಲೇ ಸೇದಿಕೊಳ್ಳುತ್ತಾರೆ, ನಾವು ಬಾವಿಯಿಂದ ಕೊಡ ಸೇದಿದಂತೆ. ಹಿರಿಯ ಮೀನನ್ನು ಬಯಸುವವರಿಗೆ ಮಾತ್ರ ಅಲ್ಲಿಯೂ ಒಳ್ಳೆಯ ತಡೆ ಬೇಕು. ಅಲ್ಲಿನ ವಿಶೇಷ ತೊಂದರೆಗಳು ಎರಡು. ಕಮಾನಿನ ರೀಲು ದಾರವನ್ನು ಹುರಿಗೊಳಿಸುವುದರಿಂದ ನೇರವಾಗಿ ಇಳಿಬಿಟ್ಟ ಎರೆಯು ಬುಗುರಿಯಂತೆ ತಿರುಗಿ ಮೀನನ್ನು ಬೆದರಿಸುತ್ತದೆ. ಆದುದರಿಂದ ಸುರುಳಿಯೇ ತಿರುಗುವ ಹಳೆಯ ಜಾತಿಯ ರೀಲನ್ನು ಕೆಲವರು ಅಲ್ಲಿ ಮತ್ತೆ ಹಿಡಿದಿದ್ದಾರೆ. ಎರಡನೆಯದಾಗಿ, ಒಳಗಿನ ಗ್ರೀಸು ಚಳಿಗೆ ಗಟ್ಟಿಯಾಗಿ ಹಿಡಿಯೇ ತಿರುಗದಂತಾಗುವುದುಂಟು. ನಮ್ಮಲ್ಲಿ ಮಾರ್ಗಶಿರದ ಬೆಳಗ್ಗೆ ಕೊಬ್ಬರಿಯೆಣ್ಣೆ ಸೀಸೆಯಲ್ಲಿ ಹೆರೆಗಟ್ಟುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಾನೂ ಮೊದಲ ದಿನ ರೀಲಿಗೆ ಕೊಬ್ಬರಿಯೆಣ್ಣೆಯನ್ನೇ ಬಿಟ್ಟಿದ್ದೆನೆಂಬುದನ್ನು ಇಲ್ಲಿ ಒಪ್ಪಿಕೊಳ್ಳುವುದು ಲೇಸು.

ಇನ್ನು ಹದಿನಾಲ್ಕು ಸಾವಿರದ ರೀಲಿನ ವಿಚಾರ. ಅಂಗಡಿಯಾತನು ಅದನ್ನು ಕೈಗೆ ಕೊಡುವಾಗ ಮೆಲ್ಲನೆ, “ಬಿಳಿ ಮೀನಿಗೂ ತಡೆಯುತ್ತೆ ಸಾರ್” ಎಂದಿದ್ದನು. ಬಿಳಿ ಮೀನೆಂದರೆ ಮಹಶೀರ್, ನಮ್ಮ ಹೊಳೆಗಳ ಅರಸು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ನರು ಇದೇ ಕಪಿಲೆಯಲ್ಲಿ ಗಾಳದಿಂದ ಹಿಡಿದ ಮಹಶೀರ್ 120 ಪೌಂಡು, ಎಂದರೆ ಸುಮಾರು 54 ಕಿಲೋ ತೂಗಿತು. ನನ್ನ ಮೊಮ್ಮಗನ ತೂಕ ಅದಕ್ಕಿಂತ ಕಡಮೆ! ಅಂತಹ ಮೀನು ಪ್ರವಾಹದಲ್ಲಿ ಓಡುವಾಗ ತಡೆಯು ಬಿಸಿಯಾಗದೆ, ಕಚ್ಚದೆ, ನೂರಾರು ಗಜ ದಾರವನ್ನು ಬಿಡಬೇಕು. ಅಲ್ಲಿ ಬೆಲೆಯುಳ್ಳ ರೀಲು ಶೋಕಿಯಲ್ಲ, ಅವಶ್ಯಕ.

ಆದರೆ ಆ ಮೀನು ಈಗೆಲ್ಲಿ? ಕಾವೇರಿಯ ಹಿನ್ನೀರು ಮುನ್ನೀರುಗಳಲ್ಲಿ ಗೂನುಬೆನ್ನಿನ ಆ ಮಹಶೀರಿಗೆ ಶಾಸ್ತ್ರೀಯ ನಾಮವೇ ನಿಷ್ಕರ್ಷೆಯಾಗಿರಲಿಲ್ಲ. 2018ರಲ್ಲಿ ಅದು ಟಾರ್ ರೆಮಾದೇವಿಯೇ ಎಂದು ವಿದ್ವಾಂಸರು ಗೊತ್ತುಮಾಡಿದರು, ಅದೇ ವರ್ಷ ಅದು ಅಳಿವಿನ ಅಂಚಿಗೆ ಬಂದ ಜೀವಿಗಳ ಪಟ್ಟಿಗೂ ಸೇರಿತು. ಅಣೆಕಟ್ಟುಗಳು, ಸಿಡಿಮದ್ದು ಹಾಕಿ ಮೀನು ಕೊಲ್ಲುವ ಪಾಪಕಾರ್ಯ, ಬೇರೆ ಕಡೆಯಿಂದ ತಂದುಬಿಟ್ಟ ಇನ್ನೊಂದು ಜಾತಿಯ ಮಹಶೀರ್ ಇವೆಲ್ಲವೂ ಅದರ ಮೇಲೆ ಬಿದ್ದಿವೆ. ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಗಳಲ್ಲಿ ವಿದೇಶೀಯರು ಸಹ ಬಂದು ಗಾಳ ಹಾಕುತ್ತಿದ್ದ ಶಿಬಿರಗಳಲ್ಲಿ ಆ ವಿನೋದವು 2012ರ ಸುಮಾರಿಗೆ ನಿಂತುಹೋಯಿತು. ಆ ಪ್ರದೇಶವು ವನ್ಯಜೀವಿಧಾಮ. ಹೀಗಿರಲು, ಹಿಡಿಯಕೂಡದ ಮೀನನ್ನು ಹಿಡಿಯುವ ಶಕ್ತಿಗಾಗಿ ಗೃಹಸ್ಥನು ಹದಿನಾಲ್ಕು ಸಾವಿರ ತೆರುವುದು ಯಾವ ಲೆಕ್ಕ? ಬೇರೆ ಮೀನಿಗೆ ಹಾಕಿದ ಗಾಳಕ್ಕೆ ದೈವವಶದಿಂದ ಅದೇ ಬಂದರೆ ನೀರಿನಲ್ಲಿಯೇ ಗಾಳವನ್ನು ಬಿಡಿಸಿ ಕಳುಹಿಸುವುದು ಧರ್ಮ. ನಮ್ಮಲ್ಲಿ ಕೆರೆಗಳನ್ನು ಮೀನಿಗಾಗಿ ಗುತ್ತಿಗೆಗೆ ಕೊಡುವ ಪದ್ಧತಿಯಿರುವುದರಿಂದ, ಎಲ್ಲಿಯೇ ಆಗಲಿ ಗಾಳ ಹಾಕುವ ಮೊದಲು ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದೂ ಅವಶ್ಯಕ.

ಹೊಳೆಯ ಗೆಂಡೆ, ಕಟ್ಲ, ರೋಹುಗಳಿಗೆ ನಡುವಿನ ಬೆಲೆಯದೇ ಸರಿಯೆಂದು ತೀರ್ಮಾನವಾಯಿತು. ಮತ್ತೆ ಮೈಸೂರಿಗೆ ಹೋಗುವಾಗ ಶಿಷ್ಯನನ್ನೂ ಕರೆದುಕೊಂಡು ಹೋದೆನು. ಅವನು ಪೆಟ್ಟಿಗೆಯ ಬರಹವನ್ನು ನೋಡಲೇ ಇಲ್ಲ. ಹಿಡಿಯನ್ನು ಹಿಂದಕ್ಕೂ ಮುಂದಕ್ಕೂ ಅಲುಗಿಸಿ ಸಡಿಲವಿದೆಯೇ ಎಂದು ನೋಡಿದನು. ಕಮಾನಿನ ತುದಿಯಲ್ಲಿ ದಾರ ಹಾಯುವ ಪುಟ್ಟ ಉರುಳೆಯನ್ನು ಬೆರಳಿನಿಂದ ತಿರುಗಿಸಿದನು. ಅದು ತಿರುಗದಿದ್ದರೆ ದಾರ ಸವೆಯುವುದಂತೆ. ಆಮೇಲೆ ತಡೆಯನ್ನು ಅರ್ಧ ಬಿಗಿಮಾಡಿ, ಕಣ್ಣು ಮುಚ್ಚಿಕೊಂಡು, ದಾರವನ್ನು ಬಹಳ ನಿಧಾನವಾಗಿ ಎಳೆದನು. ಎರಡು ರೀಲುಗಳನ್ನು ಹಿಂದಕ್ಕೆ ಕೊಟ್ಟನು. ಮೂರನೆಯದರಲ್ಲಿ ದಾರವು ಎಲ್ಲಿಯೂ ತಡವರಿಸದೆ ಹೊರಬಂದಿತು. ಬೆಲೆ ರೂ. 2,600. ಮಿಕ್ಕ ಹಣದಲ್ಲಿ ಒಳ್ಳೆಯ ದಾರವನ್ನೂ ಗಾಳಗಳನ್ನೂ ಕೊಂಡೆವು, ಏಕೆಂದರೆ ಪುಕ್ಕಟೆ ಬಂದ ದಾರವನ್ನು ಅವನು ಹೂವಿನ ಬಳ್ಳಿ ಕಟ್ಟಲು ಅಜ್ಜಿಗೆ ಕೊಟ್ಟುಬಿಟ್ಟಿದ್ದನು.

ಮನೆಗೆ ಬಂದಮೇಲೆ ಅವನು ಹುಡುಗನಿಗೆ ಹೇಳಿಕೊಟ್ಟುದನ್ನು ನಾನೂ ಪಕ್ಕದಲ್ಲಿ ಕುಳಿತು ಬರೆದುಕೊಂಡೆನು. ಆರು ಕಿಲೋ ತಾಳುವ ದಾರವಾದರೆ ತಡೆಯನ್ನು ಒಂದೂವರೆಯಿಂದ ಎರಡು ಕಿಲೋ ಎಳೆತಕ್ಕೆ ಬಿಡುವಂತೆ ಇಡಬೇಕು. ದಾರದ ತುದಿಯನ್ನು ಸ್ಪ್ರಿಂಗ್ ತಕ್ಕಡಿಯ ಕೊಂಡಿಗೆ ಕಟ್ಟಿ ಎಳೆದು ನೋಡಿದರೆ ಲೆಕ್ಕ ತಪ್ಪುವುದಿಲ್ಲ. ಗಂಟನ್ನು ಬಿಗಿಯುವ ಮೊದಲು ಎಂಜಲಿನಿಂದಲೋ ನೀರಿನಿಂದಲೋ ಒದ್ದೆಮಾಡಬೇಕು, ಒಣ ಗಂಟು ಉಜ್ಜಿ ಬಿಸಿಯಾಗಿ ಅಲ್ಲಿಯೇ ದಾರ ಕೆಡುತ್ತದೆ. ಆಟ ಮುಗಿದಮೇಲೆ ರೀಲನ್ನು ನೀರಿನಲ್ಲಿ ಅದ್ದಬಾರದು, ಒದ್ದೆ ಬಟ್ಟೆಯಿಂದ ಒರಸಬೇಕು. ತಡೆಯ ತಿರುಪನ್ನು ಸಡಿಲಿಸಿಡಬೇಕು, ಇಲ್ಲದಿದ್ದರೆ ಬಿಲ್ಲೆಗಳು ಒತ್ತಿಕೊಂಡೇ ಉಳಿಯುತ್ತವೆ. ಹಿಡಿಯ ಸಂದಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದೇ ತೊಟ್ಟು.

ರಜ ಮುಗಿಯುವ ಮುನ್ನಾದಿನ ಕಪಿಲೆಯಲ್ಲಿ ಒಂದು ಗೆಂಡೆ ಸಿಕ್ಕಿತು, ಮೂರು ಕಿಲೋ ಇದ್ದಿರಬಹುದು. ಮೂರು ಸಲ ಓಡಿತು. ಮೂರು ಸಲವೂ ರೀಲು ಸರ್ರೆಂದು ದಾರ ಬಿಟ್ಟಿತು. ದಂಡೆಗೆ ತಂದು ಗಾಳ ಬಿಡಿಸುವಾಗ ಹುಡುಗನು ಅದರ ಬಾಯೊಳಗೆ ಬಹಳ ಹೊತ್ತು ಬಗ್ಗಿ ನೋಡಿದನು. ಹಳೆಯ ಗಾಳವೇನೂ ಇರಲಿಲ್ಲ. ಮೀನು ಶಿಷ್ಯನ ಮನೆಗೆ ಹೋಯಿತು. ಅಗ್ಗದ ರೀಲನ್ನು ಪಕ್ಕದ ಮನೆಯ ಹುಡುಗನು ಕೇಳಿ ತೆಗೆದುಕೊಂಡು ಹೋಗಿದ್ದಾನೆ; ನಾಲೆಯ ಕಟ್ಟೆಯ ಮೇಲೆ ದಿನವೂ ಸಂಜೆ ಅದು ಇನ್ನೂ ಚೆನ್ನಾಗಿಯೇ ತಿರುಗುತ್ತಿದೆ.