ಗಣಕದಲ್ಲಿ ನಕ್ಷೆ ಬರೆಯುವವರಿಗೆ ಎಂಥ ಮಾನಿಟರ್? ಇಂಚು ಮಾತ್ರ ನೋಡಿದರೆ ಸಾಲದು

ಅಳದಂಗಡಿ: ಮನೆ ಕಟ್ಟುವವರಿಗೆ ಗಣಕದಲ್ಲಿ ನಕ್ಷೆ ಸಿದ್ಧಪಡಿಸಿಕೊಡುವ ಕೆಲಸ ಈಗ ಮಂಗಳೂರು, ಬೆಂಗಳೂರಿನ ಕಚೇರಿಗಳಿಗೆ ಮಾತ್ರ ಸೀಮಿತವಾಗಿ ಉಳಿದಿಲ್ಲ. ಒಂದು ಗಣಕ, ಒಂದು ಯುಪಿಎಸ್ ಮತ್ತು ಅಂತರ್ಜಾಲ ಸಂಪರ್ಕ ಇದ್ದರೆ ಬೆಳ್ತಂಗಡಿ ತಾಲೂಕಿನ ಅಳದಂಗಡಿಯಂಥ ಸಣ್ಣ ಪೇಟೆಯಲ್ಲಿ, ಮನೆಯ ಚಾವಡಿಯಲ್ಲೇ ಕುಳಿತು ಅದನ್ನು ಮಾಡಬಹುದಾಗಿದೆ. ಉಜಿರೆಯಲ್ಲಿ ಎಸ್‌ಡಿಎಂ, ಮೂಡುಬಿದಿರೆ ಸಮೀಪದ ಮಿಜಾರಿನಲ್ಲಿ ಆಳ್ವಾಸ್, ಬಡಗಮಿಜಾರಿನಲ್ಲಿ ಮೈಟ್ - ಹೀಗೆ ಸುತ್ತಲಿನ ತಾಂತ್ರಿಕ ಮಹಾವಿದ್ಯಾಲಯಗಳಲ್ಲಿ ಓದಿ ಬಂದವರಿಗೆ ಆಟೋಕ್ಯಾಡ್ ಹೊಸದೇನಲ್ಲ. ಊರು ಬಿಡದೆ ಬದುಕು ಕಟ್ಟಿಕೊಳ್ಳುವ ದಾರಿಗಳಲ್ಲಿ ಇದೂ ಒಂದು.

ಆದರೆ ಹೀಗೆ ಸ್ವಂತ ಉದ್ಯೋಗಕ್ಕೆ ಇಳಿಯುವವರು ಗಣಕ ಕೊಳ್ಳುವಾಗ ಪ್ರೊಸೆಸರ್ ಯಾವುದು, ರ‍್ಯಾಮ್ ಎಷ್ಟು ಎಂದು ಹತ್ತು ಕಡೆ ವಿಚಾರಿಸುತ್ತಾರೆ. ಮಾನಿಟರ್ ವಿಷಯ ಬಂದಾಗ ಮಾತ್ರ ಕೈಯಲ್ಲಿ ಉಳಿದ ಹಣಕ್ಕೆ ಸಿಗುವ ದೊಡ್ಡದನ್ನು ತರುತ್ತಾರೆ. ಪ್ರೊಸೆಸರ್ ಕೆಲವೇ ವರ್ಷಗಳಲ್ಲಿ ಹಳತಾಗುತ್ತದೆ. ಒಳ್ಳೆಯ ಮಾನಿಟರ್ ಎರಡು ಗಣಕಗಳ ಕಾಲವನ್ನು ಕಾಣಬಲ್ಲದು. ದಿನಕ್ಕೆ ಎಂಟು ಗಂಟೆ ಕಣ್ಣು ನೆಡಬೇಕಾದುದೂ ಅದರ ಮೇಲೆಯೇ. ಆದ್ದರಿಂದ ಕೊಳ್ಳುವ ಮೊದಲು ಸ್ವಲ್ಪ ಲೆಕ್ಕ ಹಾಕುವುದು ಒಳಿತು.

ಒಂದು ಬಿಂದುವಿಗೆ ಎಷ್ಟು ಗೋಡೆ?

ಪರದೆಯ ಮೇಲಿನ ಚಿತ್ರವು ಪಿಕ್ಸೆಲ್ ಎಂಬ ಸೂಕ್ಷ್ಮ ಬಿಂದುಗಳಿಂದ ಆದುದು. ಸಾಮಾನ್ಯವಾಗಿ ದೊರೆಯುವ ಫುಲ್ ಎಚ್‌ಡಿ ಮಾನಿಟರಿನಲ್ಲಿ ಅಡ್ಡಲಾಗಿ 1920, ಉದ್ದಕ್ಕೆ 1080 ಬಿಂದುಗಳು ಇರುತ್ತವೆ. ಕ್ಯೂಎಚ್‌ಡಿ ಎಂಬುದರಲ್ಲಿ 2560 ಮತ್ತು 1440. ಫೋರ್‌-ಕೆ ಎಂದರೆ 3840 ಮತ್ತು 2160. ಒಟ್ಟು ಬಿಂದುಗಳನ್ನು ಗುಣಿಸಿ ನೋಡಿದರೆ ಕ್ರಮವಾಗಿ ಸುಮಾರು 20 ಲಕ್ಷ, 37 ಲಕ್ಷ ಮತ್ತು 83 ಲಕ್ಷ.

ಈ ಸಂಖ್ಯೆಗಳು ನಕ್ಷೆ ಬರೆಯುವವನಿಗೆ ಏನನ್ನು ಹೇಳುತ್ತವೆ? 60 ಅಡಿ ಉದ್ದದ ಮನೆಯ ನಕ್ಷೆಯನ್ನು ಮೇಲಿನಿಂದ ಕೆಳಗಿನವರೆಗೆ ಪೂರ್ತಿಯಾಗಿ ಪರದೆಗೆ ತಂದುಕೊಂಡಿದ್ದೇವೆ ಎಂದಿಟ್ಟುಕೊಳ್ಳೋಣ. 60 ಅಡಿ ಎಂದರೆ 720 ಇಂಚು. ಫುಲ್ ಎಚ್‌ಡಿಯ 1080 ಸಾಲುಗಳಲ್ಲಿ ಮೇಲಿನ ಉಪಕರಣ ಪಟ್ಟಿ, ಕೆಳಗಿನ ಆದೇಶದ ಸಾಲು, ವಿಂಡೋಸ್ ಪಟ್ಟಿ ಇವೆಲ್ಲ ಸೇರಿ 280ರಷ್ಟನ್ನು ತಿಂದರೆ ಚಿತ್ರಕ್ಕೆ ಉಳಿಯುವುದು 800 ಸಾಲು. ಅಂದರೆ ಒಂದು ಬಿಂದುವಿಗೆ ಮುಕ್ಕಾಲು ಇಂಚಿಗೂ ಹೆಚ್ಚು, 0.9 ಇಂಚು ಗೋಡೆ. ಒಂಬತ್ತು ಇಂಚಿನ ಕೆಂಪುಕಲ್ಲಿನ ಗೋಡೆ ಹತ್ತು ಬಿಂದುಗಳಷ್ಟು ದಪ್ಪ ಕಾಣಿಸುತ್ತದೆ, ತೊಂದರೆಯಿಲ್ಲ. ಆದರೆ ಅದಕ್ಕೆ ಅಂಟಿಕೊಂಡಿರುವ ಅರ್ಧ ಇಂಚಿನ ಗಾರೆಯ ಗೆರೆ ಗೋಡೆಯ ಗೆರೆಯೊಂದಿಗೆ ಬೆರೆತು ಒಂದೇ ಆಗಿಬಿಡುತ್ತದೆ. ಕ್ಯೂಎಚ್‌ಡಿಯಲ್ಲಿ ಇದೇ ಲೆಕ್ಕ ಬಿಂದುವಿಗೆ 0.62 ಇಂಚಿಗೆ ಇಳಿಯುತ್ತದೆ. ಫೋರ್‌-ಕೆ ಪರದೆಯಲ್ಲಿ ಅಕ್ಷರಗಳನ್ನು ಒಂದೂವರೆ ಪಟ್ಟು ಹಿಗ್ಗಿಸಿಕೊಂಡರೂ 0.41 ಇಂಚು, ಗಾರೆಯ ಗೆರೆ ಬೇರೆಯಾಗಿ ತೋರತೊಡಗುತ್ತದೆ.

ಝೂಮ್ ಮಾಡಿಕೊಂಡರೆ ಯಾವ ಪರದೆಯಲ್ಲಾದರೂ ಕಾಣುತ್ತದಲ್ಲ ಎಂದು ಕೇಳಬಹುದು. ನಿಜ. ಆದರೆ ಹತ್ತಿರ ಹೋದಾಗ ಇಡೀ ಮನೆ ಕಣ್ಮರೆಯಾಗುತ್ತದೆ, ದೂರ ಬಂದಾಗ ಗೆರೆ ಕಣ್ಮರೆಯಾಗುತ್ತದೆ. ದಿನಕ್ಕೆ ನೂರಾರು ಸಲ ಹೀಗೆ ಓಡಾಡುವುದರಲ್ಲಿ ಹೊತ್ತು ಹೋಗುವುದು ಒಂದು ಕಡೆಯಾದರೆ, ಅವಸರದಲ್ಲಿ ಗೋಡೆಯ ಗೆರೆಗೆ ಬದಲಾಗಿ ಗಾರೆಯ ಗೆರೆಯನ್ನು ಹಿಡಿದು ಅಳತೆ ಹಾಕುವ ಅಪಾಯ ಇನ್ನೊಂದು ಕಡೆ. ಎರಡೂ ಬದಿಯಲ್ಲಿ ಹಾಗಾದರೆ ಕೋಣೆಯ ಅಳತೆಯಲ್ಲಿ ಒಂದು ಇಂಚು ವ್ಯತ್ಯಾಸ. ಕಾಗದದ ಮೇಲೆ ಅದು ಏನೂ ಅಲ್ಲ. ಆ ಅಳತೆಗೆ ಮೊದಲೇ ಮಾಡಿಸಿಟ್ಟ ಅಡುಗೆಮನೆಯ ಕಪಾಟು ಕೂರದೆ ಹೋದಾಗ ಮನೆಯ ಯಜಮಾನರು ಕೇಳುವುದು ಮೇಸ್ತ್ರಿಯನ್ನಲ್ಲ, ನಕ್ಷೆ ಬರೆದವನನ್ನು.

27 ಇಂಚಿನ ಮೋಸ

ಅಂಗಡಿಯಲ್ಲಿ ಹೇಳುವ ಇಂಚು ಪರದೆಯ ಕರ್ಣದ ಅಳತೆ ಮಾತ್ರ. ಅದರೊಳಗೆ ಎಷ್ಟು ಬಿಂದುಗಳಿವೆ ಎಂಬುದನ್ನು ಅದು ಹೇಳುವುದಿಲ್ಲ. 24 ಇಂಚಿನ ಫುಲ್ ಎಚ್‌ಡಿ ಪರದೆಯಲ್ಲಿ ಪ್ರತಿ ಇಂಚಿಗೆ ಸುಮಾರು 92 ಬಿಂದುಗಳು. 27 ಇಂಚಿನ ಫುಲ್ ಎಚ್‌ಡಿಯಲ್ಲಿ ಕೇವಲ 82. ಹೆಚ್ಚು ಹಣ ಕೊಟ್ಟು ದೊಡ್ಡದನ್ನು ತಂದವನಿಗೆ ದೊರೆತದ್ದು ಹೆಚ್ಚಿನ ಚಿತ್ರವಲ್ಲ, ದಪ್ಪ ಬಿಂದುಗಳು. ಓರೆ ಗೆರೆಗಳು ಮೆಟ್ಟಿಲಿನಂತೆ ಕಾಣುತ್ತವೆ. ಹಂಚಿನ ಮಾಡಿನ ಇಳಿಜಾರು ಬರೆಯುವಾಗ ಇದು ಚೆನ್ನಾಗಿ ಅನುಭವಕ್ಕೆ ಬರುತ್ತದೆ. ಅದೇ 27 ಇಂಚಿನ ಕ್ಯೂಎಚ್‌ಡಿಯಲ್ಲಿ ಇಂಚಿಗೆ 109, ಫೋರ್‌-ಕೆಯಲ್ಲಿ 163.

ಕಟ್ಟಡದ ನಕ್ಷೆಯನ್ನೇ ಜೀವನೋಪಾಯ ಮಾಡಿಕೊಂಡವರಿಗೆ 27 ಇಂಚಿನ ಕ್ಯೂಎಚ್‌ಡಿ ಸೂಕ್ತ ಎಂಬುದು ಈ ವರದಿಗಾರನ ಅಭಿಪ್ರಾಯ. ಅಕ್ಷರಗಳನ್ನು ಹಿಗ್ಗಿಸದೆಯೇ ಓದಬಹುದು, ಸಾಧಾರಣ ಗಣಕವೂ ಅದನ್ನು ನಡೆಸಬಲ್ಲದು. ಕಲಿಯುತ್ತಿರುವ ವಿದ್ಯಾರ್ಥಿಗೆ 24 ಇಂಚಿನ ಫುಲ್ ಎಚ್‌ಡಿ ಸಾಕು. ಮುಂದೆ ಕೆಲಸ ಹೆಚ್ಚಿದಾಗ ಅದನ್ನೇ ಎರಡನೆಯ ಪರದೆಯಾಗಿಸಿ, ಒಂದರಲ್ಲಿ ನಕ್ಷೆ, ಇನ್ನೊಂದರಲ್ಲಿ ಸರ್ವೆಯ ಕಾಗದಪತ್ರ ಇಟ್ಟುಕೊಳ್ಳಬಹುದು. 1920ಕ್ಕೆ 1200 ಬಿಂದುಗಳಿರುವ 24 ಇಂಚಿನ ಮಾನಿಟರ್ ಸಿಕ್ಕಿದರೆ ಬಿಡಬಾರದು. ಹೆಚ್ಚುವರಿ 120 ಸಾಲುಗಳು ನೇರವಾಗಿ ಚಿತ್ರಕ್ಕೇ ಸಲ್ಲುತ್ತವೆ. ಫೋರ್‌-ಕೆ ಕೊಳ್ಳುವವರು ತಮ್ಮ ತಂತ್ರಾಂಶದ ಆವೃತ್ತಿಯನ್ನು ನೋಡಿಕೊಳ್ಳಬೇಕು. ಆಟೋಕ್ಯಾಡ್‌ನಲ್ಲಿ ಇಂಥ ಪರದೆಗಳಿಗೆ ಸರಿಯಾದ ಬೆಂಬಲ ಸುಧಾರಿಸಿದ್ದು 2018ರ ಆವೃತ್ತಿಯಿಂದ. ಅದಕ್ಕಿಂತ ಹಳೆಯದರಲ್ಲಿ ಗುಂಡಿಗಳು ಸಾಸಿವೆ ಕಾಳಿನಂತೆ ಕಾಣುತ್ತವೆ.

ಹಿಂದಿನ ಡಬ್ಬಿಯಾಕಾರದ ಸಿಆರ್‌ಟಿ ಮಾನಿಟರುಗಳಲ್ಲಿ ಬಿಂದುಗಳ ಸಂಖ್ಯೆಯನ್ನು ಕಡಿಮೆ ಮಾಡಿದರೂ ಚಿತ್ರ ಅಷ್ಟಾಗಿ ಕೆಡುತ್ತಿರಲಿಲ್ಲ. ಆ ಅಭ್ಯಾಸದಿಂದ ಇಂದಿಗೂ ಅಕ್ಷರ ದೊಡ್ಡದಾಗಲಿ ಎಂದು ರೆಸೊಲ್ಯೂಷನ್ ಇಳಿಸುವವರಿದ್ದಾರೆ. ಎಲ್‌ಸಿಡಿಯಲ್ಲಿ ಬಿಂದುಗಳು ಭೌತಿಕವಾಗಿ ಸ್ಥಿರ. ಇಳಿಸಿದರೆ ಪ್ರತಿ ಗೆರೆಯೂ ಮಸುಕಾಗುತ್ತದೆ. ಅಕ್ಷರ ದೊಡ್ಡದಾಗಬೇಕಿದ್ದರೆ ವಿಂಡೋಸ್‌ನ ಸ್ಕೇಲಿಂಗ್ ಹೆಚ್ಚಿಸಬೇಕು, ರೆಸೊಲ್ಯೂಷನ್ ಮುಟ್ಟಬಾರದು.

ಟಿವಿಯನ್ನು ಜೋಡಿಸಬಹುದೇ?

ಮನೆಯಲ್ಲಿರುವ 32 ಇಂಚಿನ ಟಿವಿಯನ್ನೇ ಗಣಕಕ್ಕೆ ಜೋಡಿಸುವ ಉಪಾಯ ಹಲವರಿಗೆ ಹೊಳೆಯುತ್ತದೆ. ಈ ಅಳತೆಯ ಟಿವಿಗಳಲ್ಲಿ ಅನೇಕವು ಎಚ್‌ಡಿ ರೆಡಿ, ಅಂದರೆ 1366ಕ್ಕೆ 768 ಬಿಂದುಗಳು ಮಾತ್ರ. ಇನ್ನೊಂದು ತೊಡಕು ಹೊರನೋಟಕ್ಕೆ ತಿಳಿಯುವುದಿಲ್ಲ. ಅನೇಕ ಟಿವಿಗಳು ಬೆಳಕಿನ ವಿವರವನ್ನು ಪೂರ್ತಿಯಾಗಿಯೂ ಬಣ್ಣದ ವಿವರವನ್ನು ಅಡ್ಡಕ್ಕೂ ಉದ್ದಕ್ಕೂ ಅರ್ಧದಷ್ಟಾಗಿಯೂ ತೋರಿಸುತ್ತವೆ. ಸಿನಿಮಾ ನೋಡುವಾಗ ಕಣ್ಣಿಗೆ ಇದು ಗೊತ್ತಾಗದು. ಆದರೆ ಕಪ್ಪು ಹಿನ್ನೆಲೆಯ ಮೇಲೆ ಒಂದೇ ಬಿಂದುವಿನಷ್ಟು ದಪ್ಪದ ಕೆಂಪು, ನೀಲಿ ಗೆರೆಗಳನ್ನು ಎಳೆಯುವ ಆಟೋಕ್ಯಾಡ್‌ನಲ್ಲಿ ಆ ಗೆರೆಗಳು ಅಂಚು ಕಳೆದುಕೊಂಡು ಕದಡಿಹೋಗುತ್ತವೆ. ಟಿವಿಯ ಮೆನುವಿನಲ್ಲಿ ಪಿಸಿ ಮೋಡ್ ಇದ್ದರೆ ಪರಿಸ್ಥಿತಿ ಸುಧಾರಿಸೀತು. ಇಲ್ಲವಾದರೆ ಟಿವಿ ಟಿವಿಯಾಗಿಯೇ ಇರಲಿ.

ಐಪಿಎಸ್, ವಿಎ, ಓಎಲ್‌ಇಡಿ

ಪರದೆಯ ಬಗೆಗಳಲ್ಲಿ ಟಿಎನ್ ಅಗ್ಗ, ಆದರೆ ಓರೆಯಿಂದ ನೋಡಿದಾಗ ಬಣ್ಣ ಬದಲಾಗುತ್ತದೆ. ಪಕ್ಕದಲ್ಲಿ ಕುಳಿತ ಮನೆಯವರಿಗೆ ನಕ್ಷೆ ತೋರಿಸುವಾಗ ಅವರಿಗೆ ಕಾಣುವುದೇ ಬೇರೆ. ವಿಎ ಪರದೆಯಲ್ಲಿ ಕಪ್ಪು ಗಾಢವಾಗಿ ಮೂಡುತ್ತದಾದರೂ ಓರೆನೋಟದಲ್ಲಿ ಅದೂ ಐಪಿಎಸ್‌ಗೆ ಸರಿಗಟ್ಟದು. ನಕ್ಷೆಯ ಕೆಲಸಕ್ಕೆ ಐಪಿಎಸ್ ಆಯ್ದುಕೊಳ್ಳುವುದು ಕ್ಷೇಮ. ಇತ್ತೀಚೆಗೆ ಹೆಸರು ಮಾಡಿರುವ ಓಎಲ್‌ಇಡಿಯ ಬಣ್ಣ ಮನೋಹರವೇ ಸರಿ. ಆದರೆ ಕ್ಯಾಡ್‌ನಲ್ಲಿ ಉಪಕರಣ ಪಟ್ಟಿಗಳು ದಿನವಿಡೀ ಅಲುಗಾಡದೆ ಒಂದೇ ಕಡೆ ನಿಂತಿರುವುದರಿಂದ ಅವುಗಳ ಅಚ್ಚು ಪರದೆಯ ಮೇಲೆ ಶಾಶ್ವತವಾಗಿ ಉಳಿದುಬಿಡುವ ಸಂಭವವಿದೆ.

ಜಾಹೀರಾತಿನಲ್ಲಿ ಹೊಳೆಯುವ 1 ಮಿಲಿಸೆಕೆಂಡು, 180 ಹರ್ಟ್ಸ್ ಮುಂತಾದವು ಆಟವಾಡುವವರಿಗಾಗಿ. ನಕ್ಷೆಗೆ 60 ಹರ್ಟ್ಸ್ ಸಾಕು, 75 ಅಥವಾ 100 ಇದ್ದರೆ ಸಂತೋಷ. ಬಾಗಿದ ಪರದೆ ಬೇಡ. ಗೆರೆ ನೇರವಾಗಿದೆಯೇ ಎಂದು ಕಣ್ಣಳತೆಯಲ್ಲಿ ತೀರ್ಮಾನಿಸಬೇಕಾದವನ ಮುಂದೆ ಪರದೆಯೇ ಬಾಗಿದ್ದರೆ ಹೇಗೆ? ನೀಲಿ ಬೆಳಕಿನಿಂದ ಕಣ್ಣು ಕಾಯುವ ಮುದ್ರೆಗಾಗಿ ಹೆಚ್ಚು ಹಣ ತೆರಬೇಕಾಗಿಲ್ಲ. ಅದಕ್ಕಿಂತ ಮುಖ್ಯವಾದುದು ಹೊಳಪಿಲ್ಲದ ಮ್ಯಾಟ್ ಮೇಲ್ಮೈ, ಮಿನುಗದ ಬೆಳಕು ಮತ್ತು ಎತ್ತರ ಹೊಂದಿಸಬಹುದಾದ ಕಾಲು. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ತುಸು ಕೆಳಗೆ ಇರಬೇಕು. ಎರಡು ಪವರಿನ ಕನ್ನಡಕ ಹಾಕುವವರಿಗೆ ಇನ್ನೂ ಕೆಳಗೆ, ಇಲ್ಲವಾದರೆ ಸಂಜೆಯ ಹೊತ್ತಿಗೆ ಕುತ್ತಿಗೆ ಹಿಡಿದುಕೊಳ್ಳುತ್ತದೆ. ಕಿಟಕಿ ಬೆನ್ನ ಹಿಂದೆಯೂ ಬೇಡ, ಎದುರೂ ಬೇಡ, ಮಗ್ಗುಲಲ್ಲಿರಲಿ.

ತಂತಿಯೂ ಮುಖ್ಯ

ಹೊಸ ಮಾನಿಟರ್ ತಂದು ಹಳೆಯ ನೀಲಿ ತಲೆಯ ವಿಜಿಎ ತಂತಿಯಲ್ಲಿ ಜೋಡಿಸಿದರೆ ಕೊಟ್ಟ ಹಣ ವ್ಯರ್ಥ. ಆ ತಂತಿಯಲ್ಲಿ ಚಿತ್ರ ಅನಲಾಗ್ ರೂಪದಲ್ಲಿ ಸಾಗುವುದರಿಂದ ಗೆರೆಗಳ ಹರಿತ ಕಡಿಮೆಯಾಗುತ್ತದೆ. ಡಿಸ್‌ಪ್ಲೇಪೋರ್ಟ್ ಇದ್ದರೆ ಅದನ್ನೇ ಬಳಸಬೇಕು, ಇಲ್ಲವಾದರೆ ಎಚ್‌ಡಿಎಂಐ. ಎಚ್‌ಡಿಎಂಐ 1.4ರ ಕಿಂಡಿಯಿರುವ ಹಳೆಯ ಗಣಕಗಳು ಫೋರ್‌-ಕೆ ಚಿತ್ರವನ್ನು ಸೆಕೆಂಡಿಗೆ 30 ಸಲ ಮಾತ್ರ ಕಳಿಸಬಲ್ಲವು. ಮೌಸ್ ಎಳೆದಾಗ ನಕ್ಷೆ ಕುಂಟುತ್ತಾ ಹಿಂದೆ ಬರುತ್ತದೆ. ಕ್ಯೂಎಚ್‌ಡಿ ಕೊಳ್ಳುವವರೂ ತಮ್ಮ ಗಣಕದ ಗ್ರಾಫಿಕ್ಸ್ ಅದನ್ನು ನೀಡಬಲ್ಲದೇ ಎಂದು ಮೊದಲೇ ಕೇಳಿ ತಿಳಿಯಬೇಕು.

ಮಳೆ, ಮಿಂಚು, ಹುಳ

ನಮ್ಮ ಕಡೆಯ ಹವೆಯನ್ನು ಮರೆತು ಯಾವ ಯಂತ್ರವನ್ನೂ ಕೊಳ್ಳುವಂತಿಲ್ಲ. ಮಾನಿಟರನ್ನು ಯುಪಿಎಸ್‌ಗೆ ಸೇರಿಸಲೇಬೇಕು. ವಿದ್ಯುತ್ ಹೋದಾಗ ಗಣಕ ಮಾತ್ರ ಉಳಿದು ಪರದೆ ಕಪ್ಪಾದರೆ ನಕ್ಷೆಯನ್ನು ಉಳಿಸುವುದಾದರೂ ಹೇಗೆ? ಏಪ್ರಿಲ್-ಮೇ ತಿಂಗಳ ಮುಂಗಾರು ಪೂರ್ವ ಗುಡುಗಿಗೂ ಅಕ್ಟೋಬರಿನ ಹಿಂಗಾರು ಮಳೆಗೂ ಯುಪಿಎಸ್ ರಕ್ಷಣೆಯಲ್ಲ. ಪ್ಲಗ್ಗನ್ನೂ ಅಂತರ್ಜಾಲದ ತಂತಿಯನ್ನೂ ಗೋಡೆಯಿಂದ ಕಿತ್ತಿಡಬೇಕು. ಸ್ವಿಚ್ ಆರಿಸಿದರೆ ಸಾಲದು. ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ ಒಬ್ಬರಿಂದ ನೋಡಿಸಿಕೊಳ್ಳಬೇಕು.

ಮಾನಿಟರ್ ಕೊಳ್ಳುವಾಗ ಅಂಗಡಿಯಲ್ಲೇ ಚಾಲೂ ಮಾಡಿಸಿ, ಪೂರ್ತಿ ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ ಚಿತ್ರಗಳನ್ನು ಹಾಕಿ ಸತ್ತ ಬಿಂದುಗಳಿವೆಯೇ ಎಂದು ಪರೀಕ್ಷಿಸಬೇಕು. ಕೆಲವು ಬಿಂದುಗಳು ಸತ್ತಿದ್ದರೂ ಅದು ದೋಷವಲ್ಲ ಎನ್ನುವ ನಿಯಮ ಅನೇಕ ತಯಾರಕರದು. ಮನೆಗೆ ಬಂದ ಮೇಲೆ ವಾದಿಸಿ ಫಲವಿಲ್ಲ. ಮನೆಗೇ ಬಂದು ದುರಸ್ತಿ ಮಾಡುವ ವಾರಂಟಿ ಎಂದಿದ್ದರೆ ನಿಮ್ಮ ಊರಿನ ಪಿನ್ ಕೋಡ್‌ಗೆ ಅದು ಅನ್ವಯವೇ, ಇಲ್ಲವೇ ಮಂಗಳೂರಿಗೆ ಹೊತ್ತೊಯ್ಯಬೇಕೇ ಎಂದು ಕೇಳಿಕೊಳ್ಳಿ. ತೆರಿಗೆಯ ಮಟ್ಟಿಗೆ, 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಮಾನಿಟರುಗಳ ಜಿಎಸ್‌ಟಿಯೂ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ, ಚಿಕ್ಕವುಗಳಿಗೆ ಮೊದಲೇ ಶೇ. 18 ಇತ್ತು.

ಇನ್ನು ಹುಳಗಳ ವಿಷಯ. ಮಳೆಗಾಲದ ಸಂಜೆ ದೀಪಕ್ಕೆ ಮುತ್ತುವ ಕೂದಲೆಳೆಯಷ್ಟು ಸಣ್ಣ ಹುಳಗಳು ಗಾಳಿಯ ಕಿಂಡಿಗಳಿಂದ ನುಸುಳಿ ಪರದೆಯ ಒಳಪದರಗಳ ನಡುವೆ ಹರಿದಾಡುವುದುಂಟು. ಸತ್ತ ಬಿಂದುವೆಂದು ಭ್ರಮಿಸಿ ಬೆರಳಿನಿಂದ ಒತ್ತಿದರೆ ಹುಳ ಅಲ್ಲೇ ಸತ್ತು ಕಪ್ಪು ಚುಕ್ಕೆಯಾಗಿ ಉಳಿಯುತ್ತದೆ. ಪರದೆ ಬಿಚ್ಚದೆ ಅದು ಹೋಗುವುದಿಲ್ಲ. ಹುಳ ಕಂಡಾಗ ಮಾನಿಟರ್ ಆರಿಸಿ, ಕೋಣೆಯ ದೀಪವನ್ನೂ ಆರಿಸಿ, ಹೊರಗೆ ಜಗಲಿಯ ದೀಪ ಹಚ್ಚಿಡಬೇಕು. ಹೆಚ್ಚಿನವು ತಾವಾಗಿಯೇ ಹೊರಟುಹೋಗುತ್ತವೆ.