ಲಿಪಿಯಿಲ್ಲದ ನುಡಿ, ಕಂಪನಿಯಿಲ್ಲದ ಹಾಡು

ಪ್ರತಿ ಫೆಬ್ರುವರಿ 13ರಿಂದ 15ರವರೆಗೆ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ ಸೇರುವ ಜನರಲ್ಲಿ ಒಂದು ಸೋಜಿಗವಿದೆ. ವಿಜಯಪುರದ ಕಡೆಯವರು, ಮರಾಠವಾಡದವರು, ತೆಲಂಗಾಣದವರು ಒಂದೇ ಮರದಡಿ ಬುತ್ತಿ ಬಿಚ್ಚಿಕೊಂಡು ಹೊತ್ತು ಮುಳುಗುವವರೆಗೂ ಹರಟಬಲ್ಲರು. ಆದರೆ ಒಬ್ಬರು ಬರೆದ ಚೀಟಿಯನ್ನು ಇನ್ನೊಬ್ಬರ ಕೈಗೆ ಕೊಟ್ಟರೆ ಓದಲು ಬಾರದು. ಆಡುವ ಮಾತು ಒಂದೇ, ಗೋರ್‌ಬೋಲಿ. ಬರೆಯಲು ಕೂತರೆ ನಮ್ಮ ಕಡೆಯವರಿಗೆ ಕನ್ನಡ ಲಿಪಿ, ಮಹಾರಾಷ್ಟ್ರದವರಿಗೆ ದೇವನಾಗರಿ, ಅತ್ತ ತೆಲುಗು. ಸಂತ ಸೇವಾಲಾಲರು 1739ರ ಫೆಬ್ರುವರಿ 15ರಂದು ಹುಟ್ಟಿದರೆಂದು ಲಂಬಾಣಿಗರು (ಬಂಜಾರರು) ನಂಬುವ ಸೂರಗೊಂಡನಕೊಪ್ಪದ ಈ ಭಾಯಾಗಡ್‌ನಲ್ಲಿ ಮೂರು ದಿನ ಒಟ್ಟಿಗಿದ್ದು, ಭೋಗ್ ಅರ್ಪಿಸಿ, ಮತ್ತೆ ಚದುರುವ ಜನ ಇವರು. ಮುಂದಿನ ವರ್ಷದವರೆಗೆ ಒಬ್ಬರ ಹಾಡು ಇನ್ನೊಬ್ಬರ ಕಿವಿಗೆ ಬೀಳುವ ದಾರಿ ಹೆಚ್ಚುಕಡಿಮೆ ಇರಲೇ ಇಲ್ಲ.

ಈಗ ಇದೆ. ಯೂಟ್ಯೂಬಿನಲ್ಲಿ ಬಂಜಾರ ಹಾಡು ಎಂದು ಹುಡುಕಿದರೆ ಬೆರಳು ಸೋಲುವಷ್ಟು ಬರುತ್ತವೆ. ಸೇವಾಲಾಲರ ಭಜನೆ, ಹೋಳಿಯ ಲೇಂಗಿ, ತೀಜ್ ಹಬ್ಬದ ಕುಣಿತ, ಮದುವೆ ಮನೆಯ ಡಿಜೆ, ಕುಡಿತ ಬಿಡಿ ಎನ್ನುವ ಕಿರುಚಿತ್ರ. ವಿಡಿಯೊದ ತಲೆಬರಹಗಳನ್ನೊಮ್ಮೆ ಗಮನಿಸಿ. ಕೆಲವು ಕನ್ನಡದಲ್ಲಿ, ಕೆಲವು ತೆಲುಗು, ದೇವನಾಗರಿಗಳಲ್ಲಿ, ಬಹುಪಾಲು ಇಂಗ್ಲಿಷ್ ಅಕ್ಷರಗಳಲ್ಲಿ. ಒಂದೇ ಹಾಡಿಗೆ ಎರಡೆರಡು ಲಿಪಿಯ ಹೆಸರು ಅಂಟಿಸಿರುವುದೂ ಉಂಟು, ಯಾವ ಸೀಮೆಯವರು ಹುಡುಕಿದರೂ ಸಿಗಲಿ ಎಂಬ ಲೆಕ್ಕ. ಇದನ್ನು ಯಾವ ಕಂಪನಿಯ ಮಾರ್ಕೆಟಿಂಗ್ ವಿಭಾಗವೂ ಹೇಳಿಕೊಟ್ಟದ್ದಲ್ಲ.

ಇಲ್ಲಿಗೆ ಬಂದ ದಾರಿ ಮಾತ್ರ ಉದ್ದವಾದದ್ದು. ಅದರ ಮೊದಲ ತುದಿಯಲ್ಲೇ ಒಂದು ಕಂಪನಿ ನಿಂತಿದೆ.

ರೈಲು ಬರುವ ಮುಂಚೆ ಈ ದೇಶದ ಸಾಗಾಟ ನಡೆದದ್ದು ಲಂಬಾಣಿಗರ ಹೇರೆತ್ತುಗಳ ಬೆನ್ನ ಮೇಲೆ. ಕರಾವಳಿಯ ಉಪ್ಪು ಒಳನಾಡಿಗೆ, ಒಳನಾಡಿನ ದವಸ ಪೇಟೆಗೆ, ಪೇಟೆಯಿಂದ ಸೈನ್ಯದ ಬಿಡಾರಕ್ಕೆ. ಸಾವಿರಾರು ಎತ್ತುಗಳ ಸಾಲು, ಮುಂದೊಬ್ಬ ನಾಯಕ, ಜತೆಗೆ ಹೆಂಗಸರು ಮಕ್ಕಳು ಸಹಿತ ಇಡೀ ತಾಂಡಾ. ಇದಕ್ಕೆ ಅವರು ಲದೇಣಿ ಎನ್ನುತ್ತಿದ್ದರು. ಸರಕಿನ ಜತೆ ಸುದ್ದಿಯೂ ಸಾಗುತ್ತಿತ್ತು: ಎಲ್ಲಿ ಮಳೆ, ಎಲ್ಲಿ ಬರ, ಎಲ್ಲಿ ದಂಡು. 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದ ಹೊಟ್ಟೆ ತುಂಬಿಸಿದ್ದರಲ್ಲೂ ಇವರ ಪಾಲಿತ್ತು. ಆ ದಂಡಿನ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿಯ ಪತ್ರಗಳಲ್ಲಿ ‘ಬ್ರಿಂಜಾರಿ’ಗಳ ಮಾತು ಮತ್ತೆ ಮತ್ತೆ ಬರುತ್ತದೆ, ಅವರಿಲ್ಲದೆ ದಂಡು ಹೆಜ್ಜೆ ಕೀಳದು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಹಾಗೆ ಬಳಸಿಕೊಂಡ ಕಂಪನಿಯೇ ಉಪ್ಪಿನ ವ್ಯಾಪಾರವನ್ನು ತನ್ನ ಏಕಸ್ವಾಮ್ಯಕ್ಕೆ ತೆಗೆದುಕೊಂಡಿತು. ಹಿಂದೆಯೇ ರೈಲು ಬಂತು. 1853ರಲ್ಲಿ ಮುಂಬೈ–ಠಾಣೆ, 1864ರ ಹೊತ್ತಿಗೆ ಬೆಂಗಳೂರು. ಒಂದು ಗೂಡ್ಸ್ ಗಾಡಿ ಹೊರುವುದನ್ನು ಹೊರಲು ಎಷ್ಟು ಎತ್ತು ಬೇಕು? ಎರಡು ಮೂರು ತಲೆಮಾರಿನೊಳಗೆ ಲದೇಣಿ ಮುಗಿಯಿತು. ದಾರಿಯೇ ಬದುಕಾಗಿದ್ದವರು ದಾರಿಯಲ್ಲಿದ್ದರು ಎಂಬ ಕಾರಣಕ್ಕೇ ಅನುಮಾನದ ಕಣ್ಣಿಗೆ ಬಿದ್ದರು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಪಟ್ಟಿಯಲ್ಲಿ ಹಲವು ಪ್ರಾಂತ್ಯಗಳು ಇವರ ಹೆಸರನ್ನೂ ಸೇರಿಸಿದವು. ಕಾಯ್ದೆ ರದ್ದಾದದ್ದು 1952ರಲ್ಲಿ. ಅಷ್ಟರಲ್ಲಿ ತಾಂಡಾಗಳು ಊರಾಚೆ ನೆಲೆಯೂರಿದ್ದವು, ಕೈಗೆ ಕೂಲಿ ಕೆಲಸ ಬಂದಿತ್ತು.

ಒಂದು ಕಾಲಕ್ಕೆ ದೇಶದ ಜಾಲವೇ ಆಗಿದ್ದ ಸಮುದಾಯದ ದನಿಗೆ ಮುಂದಿನ ಜಾಲಗಳಲ್ಲಿ ಜಾಗ ಸಿಗಲಿಲ್ಲ ಎಂಬುದು ನನಗೆ ಈ ಕತೆಯ ತಿರುಳಾಗಿ ಕಾಣುತ್ತದೆ. ಗ್ರಾಮಫೋನು ಬಂತು. ಅದರ ಮುದ್ರಣ ದಶಕಗಳ ಕಾಲ ಬಹುತೇಕ ಒಂದೇ ಕಂಪನಿಯ ಕೈಯಲ್ಲಿತ್ತು, ನಾಯಿಯ ಚಿತ್ರದ ಎಚ್‌ಎಂವಿ. ಯಾರ ಕಂಠ ತಟ್ಟೆಗೆ ಏರಬೇಕು ಎಂದು ಕಲ್ಕತ್ತೆಯಲ್ಲಿ ಕೂತವರು ತೀರ್ಮಾನಿಸುತ್ತಿದ್ದರು. ರೇಡಿಯೊ ಸರ್ಕಾರದ್ದು, ಆದರೆ ಬಾಗಿಲಲ್ಲಿ ಧ್ವನಿ ಪರೀಕ್ಷೆ ಇತ್ತು. ಬಿ, ಬಿ ಹೈ, ಎ ಎಂಬ ಶ್ರೇಣಿಗಳಿದ್ದವು. ಮೇರಾ ಹಾಡುತ್ತಾ ದೀಪಾವಳಿಯಲ್ಲಿ ಮನೆಮನೆಗೆ ಹೋಗುವ ಹುಡುಗಿಯರು ಯಾವ ಶ್ರೇಣಿ?

ಮೊದಲ ಬಿರುಕು ಮೂಡಿಸಿದ್ದು ಕ್ಯಾಸೆಟ್. ಇಂಟರ್‌ನೆಟ್ಟಿನ ಹೊಗಳಿಕೆಯಲ್ಲಿ ಇದನ್ನು ಮರೆಯುತ್ತೇವೆ. ಎಂಬತ್ತರ ದಶಕದಲ್ಲಿ ಟೇಪ್ ರೆಕಾರ್ಡರ್ ಅಗ್ಗವಾಗಿ ಸಣ್ಣ ಊರಿಗೂ ಬಂದಾಗ ಎಚ್‌ಎಂವಿಯ ಹಿಡಿತ ಸಡಿಲಿತು, ಹತ್ತಾರು ಕಂಪನಿಗಳು ಹುಟ್ಟಿದವು, ಪ್ರಾದೇಶಿಕ ಜನಪದಕ್ಕೆ ಮಾರುಕಟ್ಟೆ ಸಿಕ್ಕಿತು. ಅಮೆರಿಕದ ಸಂಗೀತ ವಿದ್ವಾಂಸ ಪೀಟರ್ ಮ್ಯಾನುಯೆಲ್ ಇದರ ಮೇಲೆಯೇ 1993ರಲ್ಲಿ ಒಂದು ಪುಸ್ತಕ ಬರೆದರು. ಆದರೆ ಕ್ಯಾಸೆಟ್ಟಿಗೂ ಒಂದು ಕನಿಷ್ಠ ಲೆಕ್ಕವಿತ್ತು. ಸ್ಟುಡಿಯೊ ಬಾಡಿಗೆ, ಮುದ್ರಣ, ಮೇಲುಹೊದಿಕೆ, ಅಂಗಡಿಯವನ ಕಮಿಷನ್, ಇಷ್ಟು ಹುಟ್ಟಬೇಕಾದರೆ ಇಂತಿಷ್ಟು ಪ್ರತಿ ಮಾರಲೇಬೇಕು. ಗೋರ್‌ಬೋಲಿ ಕೇಳುಗರು ಲಕ್ಷಗಟ್ಟಲೆ ಇದ್ದರು. ಇದ್ದದ್ದು ನಾಲ್ಕಾರು ರಾಜ್ಯಗಳ ಸಾವಿರಾರು ತಾಂಡಾಗಳಲ್ಲಿ ಚದುರಿ. ಅಷ್ಟು ದೂರ ಸರಕು ಮುಟ್ಟಿಸುವ ವಿತರಕನಿಗೆ ಲಾಭ ಗಿಟ್ಟುವುದಿಲ್ಲ.

ಆಮೇಲೆ ಮೆಮೊರಿ ಕಾರ್ಡಿನ ಕಾಲ. 2010ರ ಆಸುಪಾಸಿನಲ್ಲಿ ಹೋಬಳಿ ಮಟ್ಟದ ಊರಿನ ಯಾವುದೇ ಮೊಬೈಲ್ ಅಂಗಡಿಗೆ ಹೋದವರಿಗೆ ಈ ನೋಟ ನೆನಪಿರಬೇಕು. ಗಾಜಿನ ಕೌಂಟರಿನ ಹಿಂದೆ ಧೂಳು ಹಿಡಿದ ಕಂಪ್ಯೂಟರು, ಅದಕ್ಕೆ ಚುಚ್ಚಿದ ಕಾರ್ಡ್ ರೀಡರು, ತೆರೆಯ ಮೇಲೆ ಸಾಲು ಫೋಲ್ಡರುಗಳು: ‘ರಾಜ್ ಹಿಟ್ಸ್’, ‘ಫೀಲಿಂಗ್’, ‘ಭಕ್ತಿ’, ‘ಜಾನಪದ’. ಇಪ್ಪತ್ತೋ ಮೂವತ್ತೋ ರೂಪಾಯಿ ಕೊಟ್ಟರೆ ಕಾರ್ಡು ತುಂಬ ಹಾಡು. ಲಂಬಾಣಿ ಗಿರಾಕಿಗಳಿರುವ ಊರಾದರೆ ‘ಬಂಜಾರ’ ಎಂಬ ಇನ್ನೊಂದು ಫೋಲ್ಡರ್. ಅದರೊಳಗಿನ ಹಾಡು ಯಾರದು, ಎಲ್ಲಿಯದು ಎಂದು ಯಾರಿಗೂ ತಿಳಿಯದು. ತೆಲುಗು ಸೀಮೆಯಲ್ಲಿ ಧ್ವನಿಮುದ್ರಣವಾದದ್ದು ಯಾರದೋ ಫೋನಿನಿಂದ ಬ್ಲೂಟೂತಿನಲ್ಲಿ ಹಾರಿ, ಪುಣೆಯಲ್ಲಿ ಗಾರೆ ಕೆಲಸಕ್ಕೆ ಹೋದವನ ಕಿಸೆಯಲ್ಲಿ ಸಾಗಿ, ಇಲ್ಲಿಗೆ ಬಂದಿರುತ್ತಿತ್ತು. ಕಾನೂನಿನ ಕಣ್ಣಲ್ಲಿ ಇದೆಲ್ಲ ಕಳ್ಳ ನಕಲು. ಹಾಡು ಪ್ರಯಾಣ ಮಾಡಿದ ಬಗೆ ನೋಡಿದರೆ ನನಗೆ ಲದೇಣಿಯೇ ನೆನಪಾಗುತ್ತದೆ, ಎತ್ತಿನ ಜಾಗದಲ್ಲಿ ಕಾರ್ಡು. ಹಾಡಿದವರಿಗೆ ಮಾತ್ರ ಬಿಡಿಗಾಸೂ ಇಲ್ಲ.

ಯೂಟ್ಯೂಬು ಭಾರತಕ್ಕೆಂದೇ ತಾಣ ತೆರೆದದ್ದು 2008ರಲ್ಲಿ. ಆದರೆ ತಾಂಡಾದ ಮಟ್ಟಿಗೆ ವಿಡಿಯೊ ನೋಡುವುದು ದುಬಾರಿ ಬಾಬತ್ತು. ದಿನಗೂಲಿಯವನು ಒಂದು ಹಾಡಿಗೆ ಇಡೀ ರೀಚಾರ್ಜು ಕಳೆದುಕೊಳ್ಳಲಾರ. ಈ ನಡುವೆ 2015 ಮತ್ತು 2016ರಲ್ಲಿ ದೆಹಲಿಯಲ್ಲಿ ನಡೆದ ಒಂದು ಜಗ್ಗಾಟವನ್ನು ಇಲ್ಲಿ ಹೇಳಲೇಬೇಕು. ಫೇಸ್‌ಬುಕ್ ಕಂಪನಿ ರಿಲಯನ್ಸ್ ಕಮ್ಯುನಿಕೇಷನ್ಸ್ ಜತೆ ಸೇರಿ ಬಡವರಿಗೆ ಉಚಿತ ಇಂಟರ್‌ನೆಟ್ ಕೊಡುತ್ತೇನೆಂದು ಹೊರಟಿತ್ತು. ಷರತ್ತು ಇಷ್ಟೇ: ಅದರೊಳಗೆ ಸೇರಿಸಿದ ತಾಣಗಳು ಮಾತ್ರ ಉಚಿತ. ಮುಂದೆ ಅದಕ್ಕೆ ‘ಫ್ರೀ ಬೇಸಿಕ್ಸ್’ ಎಂದು ಹೆಸರಿಟ್ಟರು, ಪತ್ರಿಕೆಗಳಲ್ಲಿ ಪುಟಗಟ್ಟಲೆ ಜಾಹೀರಾತು ಬಂತು. ಯಾವ ತಾಣಕ್ಕೂ ಹೆಚ್ಚು ಕಡಿಮೆ ಮಾಡಬೇಡಿ ಎಂದು 2015ರ ಏಪ್ರಿಲ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರಕ್ಕೆ (ಟ್ರಾಯ್) ಸಾಮಾನ್ಯ ಜನ ಬರೆದ ಇಮೇಲ್‌ಗಳು ಹತ್ತು ಲಕ್ಷ ಮೀರಿದವು. 2016ರ ಫೆಬ್ರುವರಿ 8ರಂದು ಟ್ರಾಯ್ ತೀರ್ಪಿತ್ತಿತು: ತಾಣಕ್ಕೊಂದು ದರ ಇಡುವಂತಿಲ್ಲ. ಲಂಬಾಣಿ ಹಾಡಿನ ಚಾನೆಲ್ಲು ಯಾವ ಕಂಪನಿಯ ‘ಬೇಸಿಕ್’ ಪಟ್ಟಿಗೆ ಬರುತ್ತಿತ್ತು ಎಂದು ಊಹಿಸಿ ನೋಡಿ. ಅದೇ ವರ್ಷ ಸೆಪ್ಟೆಂಬರ್ 5ಕ್ಕೆ ಜಿಯೊ ಶುರುವಾಗಿ ಡೇಟಾ ದರ ನೆಲ ಕಚ್ಚಿತು. ಅಂಬಾನಿ ಸೋದರರಲ್ಲಿ ತಮ್ಮನ ಕಂಪನಿ ಆಯ್ದು ಬಡಿಸಲು ಹೊರಟಿದ್ದನ್ನು ಅಣ್ಣನ ಕಂಪನಿ ಪೂರ್ತಿಯಾಗಿ ಅಗ್ಗಕ್ಕೆ ಸುರಿಯಿತು. ಜನರ ಕೈಗೆ ಬಲ ಬಂದದ್ದರಲ್ಲಿ ಜನರ ಹೋರಾಟ ಎಷ್ಟು, ಎರಡು ಕಂಪನಿಗಳ ಪೈಪೋಟಿ ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ.

ಅಂದಿನಿಂದ ಹಾಡು ಕಟ್ಟುವ ಕೆಲಸವೇ ಬದಲಾಗಿದೆ. ತಾಂಡಾದ ಹುಡುಗ ಹಾಡು ಬರೆಯುತ್ತಾನೆ, ಕನ್ನಡ ಲಿಪಿಯಲ್ಲಿ, ಫೋನಿನಲ್ಲೇ. ತಾಲ್ಲೂಕು ಕೇಂದ್ರದ ಸಣ್ಣ ಸ್ಟುಡಿಯೊದಲ್ಲಿ ಕೀಬೋರ್ಡಿನವನು ಟ್ರ್ಯಾಕ್ ಮಾಡಿಕೊಡುತ್ತಾನೆ. ಹೊಲದ ಬದುವಿನಲ್ಲೋ ಕೆರೆ ಏರಿಯ ಮೇಲೋ ಚಿತ್ರೀಕರಣ. ಹುಡುಗಿಯರು ಅಜ್ಜಿಯ ಪೆಟ್ಟಿಗೆಯಿಂದ ತೆಗೆದ ಫೇಟಿಯಾ, ಕಾಂಚಳಿ ತೊಡುತ್ತಾರೆ. ಕನ್ನಡಿ ಚೂರು, ಕವಡೆ ಹೊಲಿದ ಈ ಉಡುಪನ್ನು ಪೇಟೆಗೆ ತೊಟ್ಟು ಹೋದರೆ ಜನ ತಿರುಗಿ ನೋಡುತ್ತಾರೆಂದು ಅವರ ತಾಯಂದಿರು ಮಡಚಿಟ್ಟು ಸೀರೆಗೆ ಹೊರಳಿದ್ದರು. ಈಗ ಕ್ಯಾಮೆರಾ ಮುಂದೆ ಅದಕ್ಕೇ ಬೆಲೆ. ಸಂಜೆ ಅಪ್‌ಲೋಡ್ ಮಾಡಿದ್ದು ಬೆಳಗಾಗುವಷ್ಟರಲ್ಲಿ ಗೋವೆಯ ಕಟ್ಟಡ ಕೆಲಸಗಾರರ ಶೆಡ್ಡಿನಲ್ಲಿ, ಚಿಕ್ಕಮಗಳೂರಿನ ಕಾಫಿ ಎಸ್ಟೇಟಿನ ಲೈನಿನಲ್ಲಿ ಓಡುತ್ತಿರುತ್ತದೆ. ಗುಳೆ ಹೋದವರಿಗೆ ಜಾತ್ರೆಗೆ ಬರಲಾಗದಿದ್ದರೆ ಭೋಗ್ ಕೂಡ ಫೋನಿನಲ್ಲೇ ನೇರಪ್ರಸಾರ.

ಎಲ್ಲವೂ ಹಿಗ್ಗುವ ಸಂಗತಿಯಲ್ಲ. ಲಂಬಾಣಿ ಮದುಮಗಳು ತವರು ಬಿಡುವಾಗ ಹೆಂಗಸರ ಕೊರಳು ತಬ್ಬಿ ಅಳುತ್ತಾ ಹಾಡುವ ಢಾವಲೋ ಇದೆ. ಅದು ಕೇಳುಗರಿಗಾಗಿ ಹಾಡಿದ್ದಲ್ಲ. ಇವತ್ತು ಅದರ ವಿಡಿಯೊಗಳೂ ಸಿಗುತ್ತವೆ, ಕೆಳಗೆ ಜಾಹೀರಾತಿನ ಸಮೇತ. ಮದುಮಗಳನ್ನು ಯಾರು ಕೇಳಿದರು? ಬಾಗಿಲು ಕಾಯುವವನಿಲ್ಲ ಎಂದರೆ ಹೊರಗಿನಿಂದ ಒಳಬರುವವರಿಗೂ ತಡೆಯಿಲ್ಲ.

ಇನ್ನು ದುಡ್ಡಿನ ಮಾತು. ಯೂಟ್ಯೂಬು ಜಾಹೀರಾತಿನಿಂದ ಬಂದ ಹಣದಲ್ಲಿ ಶೇ 55ರಷ್ಟನ್ನು ವಿಡಿಯೊ ಮಾಡಿದವರಿಗೆ ಕೊಡುತ್ತದೆ. ಹಳೆಯ ಕ್ಯಾಸೆಟ್ ಕಂಪನಿ ಗಾಯಕನಿಗೆ ಒಂದಿಷ್ಟು ದುಡ್ಡು ಕೈಗಿಟ್ಟು ಹಕ್ಕನ್ನೇ ಬರೆಸಿಕೊಳ್ಳುತ್ತಿದ್ದುದಕ್ಕೆ ಹೋಲಿಸಿದರೆ ಇದು ಉದಾರವೇ. ಆದರೆ ಆ ಪಾಲು ಸಿಗಬೇಕಾದರೆ 2018ರಿಂದ ಸಾವಿರ ಚಂದಾದಾರರು, ವರ್ಷಕ್ಕೆ ನಾಲ್ಕು ಸಾವಿರ ಗಂಟೆಯ ವೀಕ್ಷಣೆ ಬೇಕು. ಈ ಗೆರೆಯನ್ನು ಎಳೆದದ್ದು ಅಮೆರಿಕದ ಕಂಪನಿ, ಯಾರನ್ನೂ ಕೇಳದೆ. ಇದಕ್ಕಿಂತ ಸೂಕ್ಷ್ಮವಾದದ್ದು ‘ಕಂಟೆಂಟ್ ಐಡಿ’ ಎಂಬ ಏರ್ಪಾಡು. 2007ರಿಂದ ಇದೆ. ದೊಡ್ಡ ಕಂಪನಿಗಳು ತಮ್ಮ ಹಾಡಿನ ಗುರುತನ್ನು ಅಲ್ಲಿ ದಾಖಲಿಸುತ್ತವೆ. ಬೇರೆ ಯಾರ ವಿಡಿಯೊದಲ್ಲಿ ಅದೇ ಧ್ವನಿ ಕಂಡರೂ ಯಂತ್ರ ತಾನಾಗಿ ಹಿಡಿದು, ಹಣವನ್ನು ಆ ಕಂಪನಿಯ ಖಾತೆಗೆ ತಿರುಗಿಸಬಲ್ಲದು. ಈ ಸೌಲಭ್ಯ ಸಣ್ಣ ಚಾನೆಲ್ಲಿನವರಿಗೆ ಇಲ್ಲ. ಲೇಂಗಿಯ ಮಟ್ಟು ಯಾರ ಸೊತ್ತು? ಇಡೀ ಸಮುದಾಯದ್ದು. ಯಂತ್ರದ ಪ್ರಕಾರ, ಅದನ್ನು ಮೊದಲು ದಾಖಲಿಸಿದವನದ್ದು. ಟಿಕ್‌ಟಾಕ್ ಇನ್ನೊಂದು ಪಾಠ. 2020ರ ಜೂನ್ 29ರಂದು ಸರ್ಕಾರ ನಿಷೇಧಿಸಿದಾಗ, ಕುಣಿದು ಹೆಸರು ಮಾಡಿದ್ದ ಹಳ್ಳಿಗಾಡಿನ ಎಷ್ಟೋ ಮಕ್ಕಳು ಗಳಿಸಿದ್ದ ಅಭಿಮಾನಿಗಳೆಲ್ಲ ಹೊತ್ತು ಹುಟ್ಟುವುದರೊಳಗೆ ಮಾಯ. ನಿಷೇಧ ಸರಿಯೋ ತಪ್ಪೋ ಬೇರೆ ಮಾತು, ಗಳಿಕೆ ಇದ್ದದ್ದು ಬೇರೆಯವರ ಕಣಜದಲ್ಲಿ.

ಇದೇ ಸೀಮೆಯ ಅಡಿಕೆಯವರನ್ನು ಕೇಳಿ, ಈ ಮಾತು ಅವರಿಗೆ ಬೇಗ ಅರ್ಥವಾಗುತ್ತದೆ. ಚನ್ನಗಿರಿಯ ಬೆಳೆಗಾರ ಮುಂಚೆ ಮಂಡಿಯವರು ಹೇಳಿದ್ದೇ ದರ ಎಂದು ನಂಬಬೇಕಿತ್ತು. ಈಗ ಅಡಿಕೆಯ ಬಗೆಗಳಲ್ಲಿ ರಾಶಿ ಎಷ್ಟು, ಬೆಟ್ಟೆ ಎಷ್ಟು, ಸರಕು ಎಷ್ಟು, ಗೊರಬಲು ಎಷ್ಟು, ಶಿವಮೊಗ್ಗದಲ್ಲೇನು, ಚನ್ನಗಿರಿಯಲ್ಲೇನು ಎಂದು ಮಧ್ಯಾಹ್ನದೊಳಗೆ ವಾಟ್ಸ್‌ಆ್ಯಪಿನಲ್ಲಿ ಬಂದಿರುತ್ತದೆ. ಹಾಗೆಂದು ದರ ನಿಗದಿ ಅವನ ಕೈಗೆ ಬಂತೇ? ಬರಲಿಲ್ಲ. ಮೋಸ ಕಡಿಮೆಯಾಯಿತು, ಅಷ್ಟೇ, ಅದೂ ಸಣ್ಣದಲ್ಲ. ಖರೀದಿದಾರನ ಎದುರು ನಿಲ್ಲುವ ಕಸುವು ಬೆಳೆಗಾರನಿಗೆ ಬಂದದ್ದು ಮ್ಯಾಮ್‌ಕೋಸ್, ತುಮ್‌ಕೋಸ್‌ನಂಥ ಸಹಕಾರ ಸಂಘಗಳಿಂದ, ಫೋನು ಬರುವುದಕ್ಕೆ ಎಷ್ಟೋ ಮೊದಲು. ಶಿವಮೊಗ್ಗದ ಮ್ಯಾಮ್‌ಕೋಸ್ 1939ರದ್ದು. ಒಂಟಿ ಬೆಳೆಗಾರನ ಮಾಹಿತಿ ಬೇರೆ, ಒಟ್ಟು ಬೆಳೆಗಾರರ ಗೋದಾಮು ಬೇರೆ. ಲಂಬಾಣಿ ಹಾಡುಗಾರರಿಗೆ ಚಾನೆಲ್ಲುಗಳಿವೆ, ಗೋದಾಮು ಇನ್ನೂ ಇಲ್ಲ.

ಹಾಗಾಗಿ ಈಗ ನಡೆಯುತ್ತಿರುವ, ಈ ನುಡಿಯನ್ನು ಯಂತ್ರಕ್ಕೆ ಕಲಿಸುವ ಇನ್ನೊಂದು ಕೆಲಸದ ಮೇಲೆ ಕಣ್ಣಿಡಬೇಕು. 2011ರ ಜನಗಣತಿಯಲ್ಲಿ ಲಮಾಣಿ ಅಥವಾ ಲಂಬಾಡಿ ತಮ್ಮ ತಾಯಿನುಡಿ ಎಂದವರು ದೇಶದಲ್ಲಿ ಸುಮಾರು 32.8 ಲಕ್ಷ. ಗಣತಿಯ ಪಟ್ಟಿ ಇವರನ್ನೆಲ್ಲ ಹಿಂದಿಯ ಅಡಿ ಸೇರಿಸಿ ಲೆಕ್ಕ ಹಾಕಿದೆ. ಹಿಂದಿ ಒಂದು ಸಾಲೂ ಬಾರದ ತಾಂಡಾದ ಯಾಡಿಯೂ (ತಾಯಿಯೂ) ಕಾಗದದಲ್ಲಿ ಹಿಂದಿಯವಳೇ. ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಇದಿಲ್ಲ. ಗೂಗಲ್ ತನ್ನ ಅನುವಾದ ಸೇವೆಗೆ 2024ರ ಜೂನ್‌ನಲ್ಲಿ ಒಮ್ಮೆಲೇ 110 ನುಡಿಗಳನ್ನು ಸೇರಿಸಿತು, ನಮ್ಮ ತುಳುವಿಗೆ ಆ ಸಲ ಜಾಗ ಸಿಕ್ಕಿತು, ಲಂಬಾಣಿಗೆ ಸಿಗಲಿಲ್ಲ. ಇತ್ತ ಧಾರವಾಡದ ಐಐಟಿಯ ಸಂಶೋಧಕರು ಲಂಬಾಣಿ, ಸೋಲಿಗ ನುಡಿಗಳ ಮಾತನ್ನು ಧ್ವನಿಮುದ್ರಿಸಿ ಯಂತ್ರಕ್ಕೆ ಕಲಿಸುವ ಕೆಲಸಕ್ಕೆ ಕೈ ಹಾಕಿದ್ದಾರೆ. ಲಿಪಿಯಿಲ್ಲದ ನುಡಿಗೆ ಇದು ದೊಡ್ಡ ಸಂಗತಿ. ಮಾತಾಡಿದರೆ ಸಾಕು, ಫೋನು ಅರ್ಥ ಮಾಡಿಕೊಳ್ಳುವಂತಾದರೆ ಕನ್ನಡ, ದೇವನಾಗರಿ, ತೆಲುಗಿನ ಜಗಳವೇ ಇರದು. ಆದರೆ ಯಂತ್ರಕ್ಕೆ ಬೇಕಾದ ಸಾವಿರಾರು ಗಂಟೆಯ ಮಾತು ಈಗಾಗಲೇ ಎಲ್ಲಿ ರಾಶಿ ಬಿದ್ದಿದೆ? ತಾಂಡಾದ ಹುಡುಗರು ಸ್ವಂತ ಖರ್ಚಿನಲ್ಲಿ ಚಿತ್ರೀಕರಿಸಿ ಯೂಟ್ಯೂಬಿಗೆ ಏರಿಸಿದ ಹಾಡು, ಭಜನೆ, ಕಿರುಚಿತ್ರಗಳಲ್ಲಿ. ಆ ದಾಸ್ತಾನಿನ ಒಂದು ಪ್ರತಿಯನ್ನು ಸಮುದಾಯದ ಹೆಸರಿನಲ್ಲೇ ಇಡುವ ಏರ್ಪಾಡನ್ನು ಬಂಜಾರ ಭಾಷಾ ಅಕಾಡೆಮಿಯೋ ತಾಂಡಾ ಅಭಿವೃದ್ಧಿ ನಿಗಮವೋ ಕೈಗೆತ್ತಿಕೊಂಡರೆ, ಸೂರಗೊಂಡನಕೊಪ್ಪಕ್ಕೆ ಬರುವ ಹಾಡುಗಾರರೇ ಅದರ ಮೊದಲ ಸದಸ್ಯರಾಗಬಹುದು. ಅದಕ್ಕೆ ಬೇಕಾದದ್ದು ಒಂದಷ್ಟು ಹಾರ್ಡ್ ಡಿಸ್ಕು, ಒಬ್ಬ ಗುಮಾಸ್ತ, ಹಾಡಿದವರ ಒಪ್ಪಿಗೆ ಸಹಿ.